ಕಡಿಮೆ ಗುಂಡಿಯ ಹಾಡಿನ ಪೆಟ್ಟಿಗೆ

ಮಸ್ಕಿಯ ಗುಡ್ಡದಲ್ಲಿ ಶಾಸನ ಬರೆಸಿದ ಚಕ್ರವರ್ತಿಗೆ ಸರಿಯಾದ ಬಂಡೆ ಆರಿಸಲು ಎಷ್ಟು ದಿನ ಹಿಡಿಯಿತೋ ನನಗೆ ತಿಳಿಯದು. ಅದೇ ಗುಡ್ಡದ ಕೆಳಗೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ನಮ್ಮ ಕಾಕಾನಿಗೆ ಹಾಡು ಕೇಳುವ ಒಂದು ಪುಟ್ಟ ಪೆಟ್ಟಿಗೆ ಆರಿಸಲು ಮಾತ್ರ ಹದಿನಾಲ್ಕು ತಿಂಗಳು ಹಿಡಿದವು. ಆ ಚಕ್ರವರ್ತಿಗೆ ಕಾಕಾ ಮಂತ್ರಿಯಾಗಿದ್ದಿದ್ದರೆ ಬಂಡೆ ಇವತ್ತಿಗೂ ಖಾಲಿಯೇ ಇರುತ್ತಿತ್ತು, ಶಾಲೆಯಲ್ಲಿ ನನಗೆ ಇತಿಹಾಸದ ಒಂದು ಪಾಠ ಕಡಿಮೆಯಾಗುತ್ತಿತ್ತು!

ಹಾಗೆಂದು ಕಾಕಾನನ್ನು ದಡ್ಡ ಎಂದುಕೊಳ್ಳಬೇಡಿ. ಬಸ್ಸಿನಿಂದ ಇಳಿದ ಗಿರಾಕಿ ರಸ್ತೆ ದಾಟುವುದರೊಳಗೆ ಅವನ ಸೊಂಟದ ಅಳತೆ ಹೇಳಿಬಿಡುತ್ತಿದ್ದ. ಆಮೇಲೆ ಟೇಪು ಹಿಡಿಯುತ್ತಿದ್ದದ್ದು ಗಿರಾಕಿಯ ಸಮಾಧಾನಕ್ಕೆ. ಕೈಯಲ್ಲಿ ಕತ್ತರಿ ಇರುವ ತನಕ ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಕತ್ತರಿ ಕೆಳಗಿಟ್ಟ ಕೂಡಲೇ ಅನುಮಾನಗಳು ಸಾಲುಗಟ್ಟಿ ಬರುತ್ತಿದ್ದವು. ಒಮ್ಮೆ ಕೊಡೆ ಕೊಳ್ಳಲು ಹೋಗಿ, ಉದ್ದನೆಯದೋ ಮಡಚುವುದೋ ಎಂದು ತಿಳಿಯದೆ ವಾಪಸು ಬಂದ. ಮುಂದಿನ ವಾರ ಮಡಚುವುದೆಂದು ನಿಶ್ಚಯಿಸಿಕೊಂಡು ಹೋದ. ಅಲ್ಲಿ ಮಡಚುವುದರಲ್ಲೇ ಎರಡು ನಮೂನೆ ಇದ್ದವು. ಮೂರನೆಯ ಸಲ ಹೋಗುವ ಹೊತ್ತಿಗೆ ಮಳೆಗಾಲ ಮುಗಿದು, ಅಂಗಡಿಯವನು ಕೊಡೆಗಳನ್ನೆಲ್ಲ ಅಟ್ಟಕ್ಕೆ ಏರಿಸಿದ್ದ. ಕಾಕಾ ಬೇಸರಪಟ್ಟುಕೊಂಡನೇ? ಒಂದು ಚಿಂತೆ ಕಳೆಯಿತೆಂದು ಖುಷಿಯಾಗಿ ಮನೆಗೆ ಬಂದ.

ಎಂಬತ್ತರ ದಶಕ ಮುಗಿಯುವ ಕಾಲಕ್ಕೆ ನನಗೆ ಮಸ್ಕಿಯ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಕಾಕಾ ನಮ್ಮಪ್ಪನ ತಮ್ಮ. ಅಂಗಡಿಯ ಹಿಂದೆಯೇ ಇದ್ದ ಅವನ ಮನೆಯಲ್ಲಿ ಉಳಿದುಕೊಂಡೆ. ಮುಂದಿನ ಕೋಣೆಯಲ್ಲಿ ಕಾಕಾನ ಮಷೀನು. ಒಳಗಿನ ಹೊಸ್ತಿಲ ಹತ್ತಿರ, ಅಂಗಳದ ಬೆಳಕಿಗೆ ಮುಖ ಮಾಡಿ ಕುಳಿತು, ಗುಂಡಿ ತೂರುವ ಕಾಜಾ ಹಾಕುವುದು, ಗುಂಡಿ ಹಚ್ಚುವುದು ಅವನ ಹೆಂಡತಿಯ ಕೆಲಸ. ಅವಳೇ ನಮ್ಮ ಚಿಗವ್ವ, ಸಿಂಧನೂರಿನ ಕಡೆಯ ಸಾಲಗುಂದದ ಮಗಳು. ಅವಳು ಅಲ್ಲಿಂದಲೇ ಇಡೀ ದಿನ ಮಾತಾಡುವಳು, ಇವನು ಇಲ್ಲಿಂದಲೇ ಹೂಂ ಎನ್ನುವನು. ಬೆನ್ನಿಗೆ ಬೆನ್ನು ಕೊಟ್ಟು ಇಷ್ಟು ಚೆನ್ನಾಗಿ ಸಂಸಾರ ಮಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಗಡಿಯ ಎದುರಿಗೆ ಒಂದು ಹೋಟೆಲು ಇತ್ತು. ಅದರ ಗೋಡೆಗೆ ತೂಗುಹಾಕಿದ ಸ್ಪೀಕರು ಮುಂಜಾನೆಯಿಂದ ಸಂಜೆಯವರೆಗೆ ಹಾಡುತ್ತಿತ್ತು. ಎಷ್ಟೋ ವರ್ಷ ಆ ಹಾಡುಗಳ ಮೇಲೆಯೇ ಕಾಕಾನ ಮಷೀನು ಓಡಿತ್ತು. ಒಂದು ದಿನ ಅದರ ಮಾಲೀಕ ಹೋಟೆಲು ಮಾರಿಕೊಂಡು ಹೋದ. ಆ ಜಾಗಕ್ಕೆ ಗೊಬ್ಬರದ ಅಂಗಡಿ ಬಂತು. ಗೊಬ್ಬರದ ಚೀಲಗಳು ಹಾಡುತ್ತವೆಯೇ? ಬರೀ ಮಷೀನಿನ ಕಟಕಟ ಕೇಳಿ ಕೇಳಿ ತನ್ನ ಹೊಲಿಗೆ ಸೊಟ್ಟಗಾಗುತ್ತಿದೆ ಎಂದು ಕಾಕಾ ದೂರತೊಡಗಿದ. ಕೊನೆಗೆ ನನ್ನನ್ನು ಕರೆದು ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದ.

"ಹಾಡಿನ ಪೆಟ್ಟಿಗಿ ಒಂದು ಸಣ್ಣದು ಬೇಕವ್ವ. ಸೋವಿದು ಇರ್ಬೇಕು. ದಿನಾ ಕೇಳಾಕ. ನೀ ಓದಿದಾಕಿ, ನೀನ ಆರಿಸಿಕೊಡು."

ಓದಿದವಳಿಗೂ ಟೇಪ್ ರೆಕಾರ್ಡರಿಗೂ ಏನು ಸಂಬಂಧವೋ! ನಾನು ಹೂಂ ಎಂದುಬಿಟ್ಟೆ. ಅಲ್ಲಿಂದ ಹದಿನಾಲ್ಕು ತಿಂಗಳು ಶುರುವಾದವು.

ಮೊದಲು ಕಾಕಾ ಊರವರ ಸಲಹೆ ಕೇಳಿದ. ಅದೇ ತಪ್ಪಾಯಿತು. ಅಂಗಿಯ ಅಳತೆ ಕೊಡಲು ಬಂದವರೆಲ್ಲ ಒಂದೊಂದು ಸಲಹೆಯನ್ನೂ ಕೊಟ್ಟುಹೋದರು. ರೇಡಿಯೊ ಇರುವುದನ್ನೇ ಕೊಳ್ಳಿ ಎಂದು ಒಬ್ಬರು, ರೇಡಿಯೊ ಇದ್ದರೆ ಎರಡೂ ಕೆಡುತ್ತವೆ ಎಂದು ಇನ್ನೊಬ್ಬರು. ಕರೆಂಟಿನದೇ ಒಳ್ಳೆಯದು ಎಂದು ಒಬ್ಬರು, ಮಸ್ಕಿಯಲ್ಲಿ ಕರೆಂಟು ನಂಬಿ ಹಾಡು ಕೇಳುತ್ತೀಯಾ ಎಂದು ಮತ್ತೊಬ್ಬರು. ಯಾರನ್ನೂ ನೋಯಿಸಲಾರದ ಕಾಕಾ ಎಲ್ಲರ ಮಾತಿಗೂ ಒಪ್ಪಿಕೊಂಡ. ಹೀಗಾಗಿ ಅವನಿಗೆ ಬೇಕಾದದ್ದು ರೇಡಿಯೊ ಇರುವ ರೇಡಿಯೊ ಇಲ್ಲದ, ಕರೆಂಟಿನಿಂದ ನಡೆಯುವ ಕರೆಂಟು ಬೇಡದ ಒಂದು ಪೆಟ್ಟಿಗೆ.

ಅದನ್ನು ಹುಡುಕಿಕೊಂಡು ಒಂದು ಭಾನುವಾರ ಲಿಂಗಸುಗೂರಿಗೆ ಹೋದೆವು. ಅಂಗಡಿಯವರು ಎರಡು ಪೆಟ್ಟಿಗೆ ತಂದಿಟ್ಟು, ಇದು ಮೋನೋ, ಇದು ಸ್ಟೀರಿಯೊ ಎಂದರು. ಕಾಕಾ ನನ್ನ ಮುಖ ನೋಡಿದ. ಮೋನೋ ಎಂದರೆ ಹಾಡು ಒಂದೇ ಕಡೆಯಿಂದ ಬರುತ್ತದೆ, ಸ್ಟೀರಿಯೊ ಎಂದರೆ ಎರಡು ಕಡೆಯಿಂದ ಬರುತ್ತದೆ ಎಂದು ಪೆಟ್ಟಿಗೆಯ ಮೇಲಿದ್ದುದನ್ನು ಓದಿ ಹೇಳಿದೆ.

"ಹಾಡಾವ್ರು ಇಬ್ರನ?" ಎಂದ ಕಾಕಾ.

"ಇಲ್ಲ ಕಾಕಾ, ಒಬ್ರ."

"ಮತ್ತ ಎರಡು ಕಡಿಂದ ಹೆಂಗ ಬರ್ತಾರ?"

ಅಂಗಡಿಯವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

ಕಾಕಾ ಅಷ್ಟಕ್ಕೇ ಬಿಡಲಿಲ್ಲ. ಹೋಟೆಲಿನವನು ಹೋಗುವಾಗ ಕೊಟ್ಟಿದ್ದ ಕ್ಯಾಸೆಟ್ಟೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ; ಅದನ್ನು ಹಾಕಿಸಿ, ಸ್ಟೂಲಿನ ಮೇಲೆ ಕುಳಿತು, ಎರಡೂ ಪಾದ ನೆಲಕ್ಕೂರಿ ಮಷೀನು ತುಳಿಯುವಂತೆ ತುಳಿಯತೊಡಗಿದ. ಬಾಯಿಂದ ಕಟಕಟ ಎಂದು ಸದ್ದು ಬೇರೆ! ಹೊಲಿಯುವಾಗ ಹಾಡು ಹೇಗೆ ಕೇಳಿಸುತ್ತದೆ ಎಂದು ತಿಳಿಯಬೇಕಲ್ಲ? ತನ್ನದೇ ಕಟಕಟದಲ್ಲಿ ಹಾಡು ಕೇಳಿಸದೆ, ದನಿ ಹೆಚ್ಚಿಸಲು ಹೇಳಿದ. ಅವರು ಹೆಚ್ಚಿಸಿದರು. ಕಾಕಾನೂ ಕಟಕಟ ಹೆಚ್ಚಿಸಿದ. ಬಾಗಿಲಲ್ಲಿ ಜನ ನಿಂತರು. ಕಾಲಿನಲ್ಲಿ ನೋವಿದೆಯೇ, ಡಾಕ್ಟರರು ಪಕ್ಕದ ಬೀದಿಯಲ್ಲೇ ಇದ್ದಾರೆ ಎಂದು ಒಬ್ಬ ಹಿರಿಯರು ನನ್ನನ್ನು ಬದಿಗೆ ಕರೆದು ಹೇಳಿದರು.

ಹೀಗೆ ಲಿಂಗಸುಗೂರಿಗೆ ನಾಲ್ಕು ಸಲ ಹೋದೆವು. ಕೊನೆಯ ಸಲ ನಾವು ಬಸ್ಸಿನಿಂದ ಇಳಿಯುವುದು ಕಂಡೇ ಅಂಗಡಿಯವರು ಊಟಕ್ಕೆ ಹೊರಟುಬಿಟ್ಟರು. ಆಗಿನ್ನೂ ಬೆಳಗಿನ ಹತ್ತೂವರೆ.

ಉಳಿದದ್ದು ಸಿಂಧನೂರು. ಕಾಲುವೆ ನೀರು ಬಂದು ಭತ್ತ ಬೆಳೆದ ಊರು. ಅಲ್ಲಿಯ ಅಂಗಡಿಗಳಿಗೆ ಗಾಜಿನ ಕಪಾಟುಗಳು, ಕಪಾಟಿನ ತುಂಬ ಪೆಟ್ಟಿಗೆಗಳು. ಎರಡರಲ್ಲಿ ಒಂದು ಆರಿಸಲಾರದವನ ಮುಂದೆ ನಲವತ್ತು! ಕಾಕಾ ಬೆವರತೊಡಗಿದ. ಅಂಗಡಿಯ ಮಾಲೀಕರು ಬಿಳಿ ಗಡ್ಡದ, ಬಹಳ ತಾಳ್ಮೆಯ ಸಾಹೇಬರು. ಏನು ಬೇಕೆಂದು ಕೇಳಿದರು.

"ಕಡಿಮಿ ಗುಂಡಿ ಇರೋದು ಕೊಡ್ರಿ ಸಾಹೇಬ್ರ" ಎಂದ ಕಾಕಾ. "ಅಂಗಿಗೆ ಆರು ಗುಂಡಿ ಸಾಕಾಗ್ತಾವ. ಹಾಡು ಕೇಳಾಕ ಹತ್ತು ಯಾಕ ಬೇಕು?"

ಸಾಹೇಬರು ಆರು ಗುಂಡಿಯದನ್ನು ತಂದರು. ಇದಕ್ಕೆ ಆಟೋ ರಿವರ್ಸ್ ಇದೆ ಎಂದು ಹೆಮ್ಮೆಯಿಂದ ಹೇಳಿದರು. ಆಟೋ ಏನೂ ಬೇಡ, ಬಸ್‌ಸ್ಟ್ಯಾಂಡ್ ಇಲ್ಲೇ ಇದೆ, ನಡೆದುಕೊಂಡು ಹೋಗುತ್ತೇವೆ ಎಂದು ಕಾಕಾ ಉಪಚಾರದ ಮಾತು ಆಡಿದ. ಸಾಹೇಬರು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಹಾಡು ಎಲ್ಲಿ ಕೇಳುವುದು, ಯಾವಾಗ ಕೇಳುವುದು ಎಂದು ಒಂದೊಂದಾಗಿ ವಿಚಾರಿಸಿದರು. ಹದಿನಾಲ್ಕು ತಿಂಗಳಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಮಷೀನಿನ ಸದ್ದಿನ ಸಂಗತಿ ಕೇಳಿದ ಮೇಲೆ ಕೆಳಗಿನ ಕಪಾಟಿನಿಂದ ಅಂಗೈಯಗಲದ ಒಂದು ವಾಕ್‌ಮನ್ ತೆಗೆದು, ರೇಟು ಹೇಳಿ, ಅದರ ತಂತಿಯ ಕಮಾನನ್ನು ಕಾಕಾನ ತಲೆಗೆ ಏರಿಸಿ, ಎರಡು ಸ್ಪಂಜಿನ ಬಿಲ್ಲೆಗಳನ್ನು ಕಿವಿಗೆ ಕೂರಿಸಿದರು.

ಕಾಕಾನ ಮುಖ ಅರಳಿತು. ಕಾಲು ತುಳಿಯತೊಡಗಿತು. ಆಮೇಲೆ ಅವನು ನನ್ನ ಕಡೆ ಬಾಗಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಪಿಸುಮಾತಿನಲ್ಲಿ ಒಂದು ಗುಟ್ಟು ಹೇಳಿದ. ಪಿಸುಮಾತು ಎನ್ನುವುದು ಅವನ ತಿಳುವಳಿಕೆ. ಕಿವಿ ತುಂಬ ಹಾಡು ಇದ್ದವನಿಗೆ ತನ್ನ ದನಿ ಎಷ್ಟಿದೆ ಎಂದು ಗೊತ್ತಾಗುವುದಾದರೂ ಹೇಗೆ?

"ಪೆಟ್ಟಿಗಿ ಭಾಳ ಚಲೋ ಐತಿ. ಮಾರಿ ಮ್ಯಾಲ ತೋರಸಬ್ಯಾಡ. ಸಾಹೇಬ್ರು ರೇಟ್ ಜಾಸ್ತಿ ಹೇಳಾಕತ್ತಾರ. ನಾ ಬ್ಯಾಡಂತ ಎದ್ದು ಹೋದಂಗ ಮಾಡ್ತೀನಿ, ಕರೀತಾರ."

ಎದುರು ಸಾಲಿನ ಅಂಗಡಿಯವರೂ ತಿರುಗಿ ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಾಹೇಬರು ಮಾತ್ರ ಗಾಜು ಒರೆಸುತ್ತ ನಿಂತಿದ್ದರು. ಕಾಕಾ ಕಮಾನು ತೆಗೆದಿಟ್ಟು, ಮುಖ ಗಂಭೀರ ಮಾಡಿಕೊಂಡು, ಯಾಕೋ ಮನಸ್ಸಿಗೆ ಹಿಡಿಸಲಿಲ್ಲ ಎಂದು ಎದ್ದು ಬಾಗಿಲ ತನಕ ಹೋದ.

"ಬರ್ರಿ ದರ್ಜಿ ಸಾಹೇಬ್ರ" ಎಂದರು ಅವರು. "ನಾ ಕರೀಬೇಕಲ್ಲ, ಕರದೀನಿ. ಕುಂದರ್ರಿ, ಕಡಿಮಿ ಮಾಡ್ತೀನಿ."

ಮಸ್ಕಿ ಬರುವ ತನಕ ಬಸ್ಸಿನಲ್ಲಿ ಕಾಕಾ ತನ್ನ ಚೌಕಾಸಿಯ ಜಾಣತನವನ್ನು ನನಗೆ ವಿವರಿಸಿದ. ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ಪೆಟ್ಟಿಗೆ ಬಂದ ಮೇಲೆ ಗೊಂದಲ ಮುಗಿಯಿತೇ? ಅದು ಊರಿಗೆಲ್ಲ ಹಂಚಿಹೋಯಿತು. ಡ್ರಿಲ್ ಮಾಸ್ತರರು ಬಂದು ಪ್ಯಾಂಟು ಸಡಿಲ ಇರಲಿ ಎಂದು ಮೂರು ಸಲ ಹೇಳಿ ಹೋದರು. ಕಾಕಾನಿಗೆ ಕೇಳಿಸಿದ್ದು ತಬಲ. ಆ ಪ್ಯಾಂಟು ಹಾಕಿಕೊಂಡ ವಾರ ನಮ್ಮ ಶಾಲೆಯಲ್ಲಿ ಕುಳಿತು ಏಳುವ ಕವಾಯತೆಲ್ಲ ರದ್ದಾಯಿತು. ಇನ್ನೊಮ್ಮೆ ಲಗ್ನದ ಸುಗ್ಗಿಯಲ್ಲಿ ಐದು ಮನೆಯವರು ಬಂದು, ಸೋಮವಾರಕ್ಕೆ ಬಟ್ಟೆ ಸಿಗುತ್ತದೆಯೇ ಎಂದು ಕೇಳಿದರು. ಕಾಕಾ ತಲೆಯಾಡಿಸಿದ್ದು ತಾಳಕ್ಕೆ. ಅವರು ತಿಳಿದುಕೊಂಡದ್ದು ಒಪ್ಪಿಗೆ ಎಂದು. ಸೋಮವಾರ ಐದು ಮನೆಯ ಬೀಗರು ಒಟ್ಟಿಗೆ ಬಾಗಿಲಲ್ಲಿ ನಿಂತಾಗ ಅವರನ್ನು ಸಮಾಧಾನ ಮಾಡಿದವಳು ಚಿಗವ್ವ. ದರ್ಜಿಗೆ ಕಿವುಡು ಬಂತಂತೆ ಎಂಬ ಸುದ್ದಿ ಮುದಗಲ್ಲಿನವರೆಗೂ ಹೋಗಿ, ಅಲ್ಲಿಯ ನೆಂಟರೊಬ್ಬರು ಕಿವಿಗೆ ಹಾಕುವ ಎಣ್ಣೆ ತಂದುಕೊಟ್ಟರು. ಕಾಕಾ ಅದನ್ನು ಮಷೀನಿಗೆ ಬಿಟ್ಟ. ಮಷೀನು ಚೆನ್ನಾಗಿ ಓಡಿತು.

ಇವನ್ನೆಲ್ಲ ಶಾಲೆಯಲ್ಲಿ ಹೇಳಿ ನಾವು ನಗುತ್ತಿದ್ದೆವು. ಮನೆಯಲ್ಲಿ ನಗದೆ ಇದ್ದವಳು ಒಬ್ಬಳೇ. "ಮೊದಲ ಹೂಂ ಅಂತಿದ್ರು" ಎಂದಳು ಚಿಗವ್ವ ಒಂದು ದಿನ, ದಾರ ಪೋಣಿಸುತ್ತ. "ಈಗ ಅದೂ ಇಲ್ಲ. ಗ್ವಾಡಿ ಜೋಡಿ ಮಾತಾಡಿದಂಗ ಆಗೈತಿ."

ಕೆಲವು ವಾರ ಹೀಗೇ ದೂರಿದಳು. ಆಮೇಲೆ ದೂರುವುದನ್ನೂ ಬಿಟ್ಟಳು. ಅದು ನನ್ನನ್ನು ಇನ್ನೂ ಹೆಚ್ಚು ಚುಚ್ಚಿತು. ಆ ಪೆಟ್ಟಿಗೆ ಕೊಡಿಸಲು ಜೊತೆಗೆ ಓಡಾಡಿದವಳು ನಾನೇ ತಾನೆ? ಕಾಕಾನಿಗೆ ಒಮ್ಮೆ ನೇರವಾಗಿ ಹೇಳಿಬಿಡಬೇಕು ಎಂದುಕೊಂಡೆ.

ಒಂದು ಶನಿವಾರ ಶಾಲೆ ಬೇಗ ಬಿಟ್ಟಿತು. ಬಿರುಬಿಸಿಲಿನಲ್ಲಿ ನಡೆದು ಬಂದು ಅಂಗಡಿಯ ಮೆಟ್ಟಿಲು ಹತ್ತಿದೆ. ಕಾಕಾ ಕಮಾನು ಏರಿಸಿಕೊಂಡು ನಿಧಾನವಾಗಿ ಮಷೀನು ತುಳಿಯುತ್ತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ, ಅವನು ತಲೆ ಎತ್ತದೆಯೇ, ಸುಮ್ಮನಿರು ಎಂದು ಕೈಸನ್ನೆ ಮಾಡಿದ. ನಾನು ಬೆಪ್ಪಾದೆ. ಕಿವಿಯಲ್ಲಿ ಹಾಡು ಇಟ್ಟುಕೊಂಡವನಿಗೆ ನನ್ನ ಚಪ್ಪಲಿಯ ಸದ್ದು ಹೇಗೆ ಕೇಳಿಸಿತು?

ಆಗ ಒಳಗಿನ ಹೊಸ್ತಿಲ ಕಡೆಯಿಂದ ಸಣ್ಣ ದನಿಯೊಂದು ಬಂತು. ಚಿಗವ್ವ ಅಂಗಳಕ್ಕೆ ಮುಖ ಮಾಡಿ, ಕಾಜಾ ಹಾಕುತ್ತ ಹಾಡುತ್ತಿದ್ದಳು. ಅವಳ ತವರಿನ ಕಡೆ ಹೆಣ್ಣುಮಕ್ಕಳು ಭತ್ತ ನಾಟಿ ಮಾಡುವಾಗ ಹೇಳುವ ಹಾಡು. ಅವಳಿಗೆ ಹಾಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ದನಿ ತುಸು ಒರಟು. ಆದರೆ ತಂಪಾಗಿತ್ತು, ಎಲ್ಲೂ ಅವಸರ ಇರಲಿಲ್ಲ. ನಾನು ಕಾಕಾನ ಮಡಿಲಲ್ಲಿದ್ದ ವಾಕ್‌ಮನ್ ನೋಡಿದೆ. ಹಿಂದಿನ ಮುಚ್ಚಳ ತೆರೆದಿತ್ತು. ಒಳಗೆ ಸೆಲ್ಲುಗಳಿರಲಿಲ್ಲ.

ಅವಳು ನೀರು ಕುಡಿಯಲು ಎದ್ದು ಹೋದಾಗ ಕಾಕಾ ಒಂದು ಕಿವಿಯ ಬಿಲ್ಲೆ ಸರಿಸಿದ. ಈ ಸಲ ಅವನ ಪಿಸುಮಾತು ನಿಜವಾಗಿಯೂ ಪಿಸುಮಾತೇ ಆಗಿತ್ತು.

"ಸೆಲ್ಲು ತೀರಿ ಎರಡು ತಿಂಗಳಾತು. ಅವತ್ತು ಕೈಯಾಗ ಕೆಲಸ ಇತ್ತು, ಕಮಾನು ತಗೀಲಿಲ್ಲ. ಹಾಡು ಕೇಳಿಸ್ತು. ಪೆಟ್ಟಿಗೀನ ಹಾಡಾಕತ್ತೈತಿ ಅನ್ಕೊಂಡೆ. ನೋಡಿದ್ರ ಈಕಿ."

ಹೊಸ ಸೆಲ್ಲು ಹಾಕದಿದ್ದರೆ ಸರಿ, ಆದರೆ ಕಿವಿಗೆ ಅದನ್ನೇಕೆ ಏರಿಸಿಕೊಂಡು ಕುಳಿತಿದ್ದೀ ಎಂದು ಕೇಳಿದೆ.

"ತಗದ್ರ ಆಕಿ ನಿಲ್ಲಸ್ತಾಳ." ಕಾಕಾ ಸೂಜಿಯ ಕೆಳಗಿನ ಬಟ್ಟೆಯನ್ನು ಅಂಗೈಯಿಂದ ನೇರ ಮಾಡಿದ. "ಮದಿವ್ಯಾದ ಹೊಸದಾಗ ಒಮ್ಮೆ ನನ್ನ ಮುಂದ ಹಾಡಿದ್ಲು. ನಾ ನಕ್ಕೆ. ಯಾಕ ನಕ್ಕೆನೋ ನನಗ ಇವತ್ತಿಗೂ ತಿಳಿವಲ್ದು. ಇಪ್ಪತ್ತಾರು ವರ್ಷ ಆತು, ಮತ್ತ ನನ್ನ ಮುಂದ ಹಾಡಿಲ್ಲ."

"ಚಲೋ ಹಾಡ್ತಿ ಅಂತ ಹೇಳಿಬಿಡು ಕಾಕಾ."

"ಹೇಳಿದ ಮ್ಯಾಲ ಹಾಡದ ಬಿಟ್ಟಳಂದ್ರ?"

ಅವನ ಅನುಮಾನಗಳನ್ನು ಕಂಡು ಎಷ್ಟು ನಕ್ಕಿದ್ದೆನೋ, ಅಂದು ನಗು ಬರಲಿಲ್ಲ. ಹೇಳುವುದು ಸರಿಯೋ ಬಿಡುವುದು ಸರಿಯೋ ನನಗೂ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಚಿಗವ್ವ ಬಂದು ಕುಳಿತ ಸದ್ದಾಯಿತು. ಕಾಕಾ ಬಿಲ್ಲೆಯನ್ನು ಕಿವಿಗೆ ಸರಿಸಿಕೊಂಡು ಮಷೀನು ತುಳಿಯತೊಡಗಿದ. ಹಾಡು ಮತ್ತೆ ಶುರುವಾಯಿತು. ನಾಲ್ಕಾರು ಸಾಲು ಆಗಿರಬೇಕು, ಒಂದು ಕಡೆ ಅವಳಿಗೆ ಮುಂದಿನ ಸಾಲು ಮರೆತುಹೋಯಿತು. ದನಿ ನಿಂತಿತು. ನಾನು ನೋಡುತ್ತಿದ್ದಂತೆ ಕಾಕಾನ ಪಾದವೂ ನಿಂತಿತು. ಚಕ್ರ ನಿಂತಿತು. ಸೂಜಿ ಅರ್ಧಕ್ಕೆ ನಿಂತಿತು. ಅವಳು ತಿರುಗಿ ನೋಡಲಿಲ್ಲ, ಇವನೂ ನೋಡಲಿಲ್ಲ. ಒಳಗೆ ಅವಳು ಆ ಸಾಲನ್ನು ಹುಡುಕುತ್ತಿದ್ದಳು, ಇವನು ಕಾಯುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳಿಗೆ ಸಾಲು ಸಿಕ್ಕಿತು. ಕಾಕಾ ಮೆಲ್ಲನೆ ಚಕ್ರ ತಿರುಗಿಸಿ ಹೊಲಿಗೆ ಮುಂದುವರಿಸಿದ.