ನಾಲ್ಕು ಮೂಲೆಯ ಟೊಪ್ಪಿ

ಮದುವೆಯಾದ ಹೊಸದರಲ್ಲಿ ಪೂವಪ್ಪನವರು ಹೆಂಡತಿ ತೃಪ್ತಿಗೆ ವರ್ಷಕ್ಕೊಂದು ಪರದೇಶ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು. ಮಾತು ಕೊಟ್ಟದ್ದು ಬೆಳ್ತಂಗಡಿಯಲ್ಲಿ. ಹಾಗಾಗಿ ಆಕೆಯನ್ನು ಮಸ್ಕತ್ತಿಗೆ ಕರೆತಂದ ದಿನವೇ ಮೊದಲ ವರ್ಷದ್ದು ಮುಗಿಯಿತೆಂದು ಅವರು ನಿಶ್ಚಿಂತರಾದರು. ಎರಡನೆಯ ವರ್ಷ ಬುರೈಮಿಗೆ ಕರೆದೊಯ್ದು, ಗಡಿ ಬೇಲಿಯ ಈಚೆ ಕಾರು ನಿಲ್ಲಿಸಿ, "ಅಗೋ, ಅಲ್ಲಿ ಕಾಣ್ತದಲ್ಲ, ಅದು ಬೇರೆ ದೇಶ. ಸರಿಯಾಗಿ ನೋಡಿಕೋ" ಎಂದರು. ಮೂರನೆಯ ವರ್ಷವೂ ಬುರೈಮಿಯೇ, ಬೇಲಿಯ ಇನ್ನೊಂದು ತುದಿ. ಹೀಗೆ ಇಪ್ಪತ್ತೆರಡು ವರ್ಷ ಸಂದವು.

ಹೆಂಡತಿಯ ಹೆಸರು ತೃಪ್ತಿಯಾದರೂ ಅದನ್ನು ಪಡೆಯಲು ತಮಗೆ ಈ ಜನ್ಮ ಸಾಲದು ಎಂದು ಪೂವಪ್ಪನವರು ಆಫೀಸಿನಲ್ಲಿ ತಮಾಷೆ ಮಾಡುವುದಿತ್ತು. (ಮನೆಯಲ್ಲಿ ಮಾಡುವುದಿರಲಿಲ್ಲ.) ಈಚೆಗೆ ಆಕೆ ಮೊಬೈಲಿನಲ್ಲಿ ಪ್ರವಾಸದ ವಿಡಿಯೋಗಳನ್ನು ನೋಡತೊಡಗಿದ್ದಳು. ಒಂದು ದಿನ ಚಪಾತಿ ಲಟ್ಟಿಸುತ್ತಾ, "ಕಾಶ್ಗರ್ ಅಂತ ಒಂದು ಊರುಂಟಂತೆ. ರೇಷ್ಮೆ ವ್ಯಾಪಾರದ ಹಳೇ ದಾರಿಯಲ್ಲಿ. ಎಂಥ ಸಂತೆ ಮಾರಾಯ್ರೆ! ರೊಟ್ಟಿಗೂ ಹೂವಿನ ಚಿತ್ತಾರ ಒತ್ತುತ್ತಾರೆ. ನಾವು ಯಾವಾಗ ಹೋಗುವುದು?" ಎಂದು ಕೇಳಿದಳು. ಆಕೆಯ ಕೈಯಲ್ಲಿ ಲಟ್ಟಣಿಗೆ ಇದ್ದುದರಿಂದ ಪೂವಪ್ಪನವರು "ಹೋಗುವ, ಹೋಗುವ" ಎಂದುಬಿಟ್ಟರು.

ಅವರನ್ನು ಪಾರು ಮಾಡಿದವನು ಮುಸ್ತಫಾ. ಉಳ್ಳಾಲದವನು, ಮಸ್ಕತ್ತಿನ ಅಲ್ ಮವಾಲೇಹ್ ಬಡಾವಣೆಯಲ್ಲಿ ಇವರ ಕೆಳಗಿನ ಮನೆಯಲ್ಲೇ ವಾಸ. ದೊಡ್ಡ ಹೋಟೆಲುಗಳಿಗೆ ತರಕಾರಿ ಸರಬರಾಜು ಮಾಡುವ ಕಸುಬು.

"ಪೂವಪ್ಪಣ್ಣ, ಜಬಲ್ ಅಖ್ದರ್ ಗುಡ್ಡದ ಮೇಲಿನ ಹೋಟೆಲಿನಲ್ಲಿ ಈ ಶುಕ್ರವಾರ ಸ್ಪೆಷಲ್ ಊಟ ಉಂಟು. ಏಳು ಕೋರ್ಸು. ಪೂರಾ ವೆಜ್ಜು. ಉಯ್ಘರ್ ಅಡುಗೆ."

"ವೆಜ್ಜು ಅಂತೀಯಾ, ಮತ್ತೆ ಉಗುರು ಎಲ್ಲಿಂದ ಬಂತು?"

"ಉಗುರಲ್ಲ ಮಾರಾಯ್ರೆ, ಉಯ್ಘರ್! ಅದೊಂದು ಜನಾಂಗ. ಕಾಶ್ಗರ್ ಕಡೆಯವರು."

ಕಾಶ್ಗರ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಪೂವಪ್ಪನವರ ತಲೆಯಲ್ಲಿ ದೀಪ ಹತ್ತಿಕೊಂಡಿತು. ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಮನೆಗೆ ಬಂದವರೇ ಘೋಷಿಸಿದರು: "ಹೊರಡು! ಶುಕ್ರವಾರ ನಾವು ಕಾಶ್ಗರ್‌ಗೆ. ಸಂಜೆಗೆ ವಾಪಸ್."

"ಸಂಜೆಗೆ ವಾಪಸ್ ಬರುವ ಕಾಶ್ಗರ್ ಯಾವುದು?" ತೃಪ್ತಿಯ ಹುಬ್ಬು ಏರಿತು.

ವಿಷಯ ತಿಳಿದ ಮೇಲೆ ಆಕೆ ಬೈಯಬಹುದೆಂದು ಅವರು ಎರಡು ಹೆಜ್ಜೆ ಹಿಂದೆ ನಿಂತಿದ್ದರು. ಆದರೆ ಆಕೆಯ ಮುಖ ಅರಳಿತು. ತೃಪ್ತಿ ಮೀನು ಬಿಟ್ಟು ಎರಡು ವರ್ಷವಾಗಿತ್ತು. ಅಂದಿನಿಂದ ಎಂಥ ದೊಡ್ಡ ಹೋಟೆಲಿಗೆ ಹೋದರೂ ಗಂಡನ ಮುಂದೆ ಸಮುದ್ರವೇ ಬಂದು ಕೂರುತ್ತಿತ್ತು. ಆಕೆಯ ಪಾಲಿಗೆ ಅದೇ ಪನೀರು, ನಾಲ್ಕು ಬಿಲ್ಲೆ ಸೌತೆಕಾಯಿ. ಏಳು ಸುತ್ತಿನ ಸಸ್ಯಾಹಾರ ಎಂದರೆ ಆಕೆಗೆ ಒಂದು ದೇಶ ಸುತ್ತಿದ್ದಕ್ಕೆ ಸಮ.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಸುಸೂತ್ರ ನಡೆಯುತ್ತಿತ್ತು. ಆದರೆ ಪೂವಪ್ಪನವರಿಗೆ ವಿದ್ವಾಂಸರಾಗುವ ಹುಕಿ ಬಂತು. ಮೂರು ದಿನ ಆಫೀಸಿನ ಕಂಪ್ಯೂಟರಿನ ಮುಂದೆ ಕುಳಿತು ಉಯ್ಘರರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದರು. ಚೀನಾದ ವಾಯವ್ಯ ಮೂಲೆ, ತಕ್ಲಮಕಾನ್ ಮರುಭೂಮಿ, ತುರ್ಕಿಗೆ ನಂಟಿರುವ ಭಾಷೆ, ಅರಬ್ಬಿಯಿಂದ ಬಂದ ಲಿಪಿ, ಕೈಯಲ್ಲೇ ಎಳೆದು ಮಾಡುವ ನೂಡಲ್ಸು. ಸ್ನಾನದ ಕೋಣೆಯಲ್ಲಿ ನೀರಿನ ಸದ್ದನ್ನೂ ಮೀರಿ "ಕಾರೇಜ್! ತುರ್ಪಾನಿನ ಕಾರೇಜ್!" ಎಂಬ ಉದ್ಘೋಷ ಕೇಳಿಬರುತ್ತಿತ್ತು.

"ನೋಡು, ಅಲ್ಲಿಗೆ ದೊಡ್ಡ ದೊಡ್ಡ ಜನ ಬರ್ತಾರೆ," ಎಂದು ಗುರುವಾರ ರಾತ್ರಿ ಹೆಂಡತಿಗೆ ತಾಕೀತು ಮಾಡಿದರು. "ನೀನು ಎಂತದಾದರೂ ಹೇಳಿ ಮರ್ಯಾದೆ ತೆಗೀಬೇಡ. ಮಾತಾಡುವುದೆಲ್ಲ ನನಗೆ ಬಿಡು."

"ಆಯ್ತು," ಎಂದಳು ತೃಪ್ತಿ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡಸು ಇಂಥ ಒಂದೇ ಶಬ್ದದ 'ಆಯ್ತು'ವಿಗೆ ಹೆದರಬೇಕಿತ್ತು.

ಆ ಗುಡ್ಡಕ್ಕೆ ಸಾದಾ ಕಾರನ್ನು ಬಿಡುವುದಿಲ್ಲ. ಬುಡದಲ್ಲೇ ಪೊಲೀಸರು ತಡೆದು ಫೋರ್ ವೀಲ್ ಇದ್ದರೆ ಮಾತ್ರ ಹತ್ತಗೊಡುತ್ತಾರೆ. ಆದ್ದರಿಂದ ದಂಪತಿಗಳು ಹೊರಟದ್ದು ಮುಸ್ತಫಾನ ತರಕಾರಿ ಪಿಕಪ್ಪಿನಲ್ಲಿ. ತೃಪ್ತಿ ಮದುವೆಯ ರೇಷ್ಮೆ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಒಬ್ಬಳೇ ಮಹಾರಾಣಿಯಂತೆ ಕುಳಿತಳು. ಕೋಟು ತೊಟ್ಟ ಪೂವಪ್ಪನವರು ಮುಂದೆ ಕುಳಿತರು. ಅವರ ತೊಡೆಯ ಮೇಲೆ ಕೊತ್ತಂಬರಿ ಸೊಪ್ಪಿನ ಕ್ರೇಟು.

"ಅದನ್ನು ಅಕ್ಕನ ಪಕ್ಕ ಇಟ್ಟರೆ ಸೀರೆ ಒದ್ದೆ, ಹಿಂದೆ ತೆರೆದಲ್ಲಿ ಹಾಕಿದರೆ ಬಿಸಿಲಿಗೆ ಬಾಡ್ತದೆ ಪೂವಪ್ಪಣ್ಣ," ಎಂದ ಮುಸ್ತಫಾ.

"ನಾನು ಬಾಡಬಹುದಾ?"

"ನೀವು ಹೋಟೆಲಿನವರಿಗೆ ಬೇಡ. ಸೊಪ್ಪು ಬೇಕು. ಯಲ್ಲಾ, ಬೆಲ್ಟ್ ಹಾಕಿ."

ತಿರುವು ತಿರುವಿಗೂ ಗಾಳಿ ತಂಪಾಗುತ್ತಾ ಹೋಯಿತು. ಬೋಳು ಬಂಡೆಗಳ ನಡುವೆ ಎಲ್ಲೋ ಮೇಲೆ ದಾಳಿಂಬೆಯ ಹಸಿರು ಮೆಟ್ಟಿಲುಗಳು ಕಂಡವು. "ಎಷ್ಟು ಚಂದ!" ಎಂದು ತೃಪ್ತಿ ಕಿಟಕಿಗೆ ಹಣೆಯಾನಿಸಿದಳು. ಪೂವಪ್ಪನವರಿಗೆ ಕಂಡದ್ದು ಕೊತ್ತಂಬರಿ ಸೊಪ್ಪು ಮಾತ್ರ.

ಹೋಟೆಲಿನೊಳಗೆ ಹಾಡುಹಗಲು ಒಂದೂವರೆ ಗಂಟೆಗೆ ಪರದೆ ಎಳೆದು ಮೇಣದ ಬತ್ತಿ ಹಚ್ಚಿದ್ದರು. ಫೈನ್ ಡೈನಿಂಗ್ ಎಂದರೆ ತಿನ್ನುವುದು ಕಾಣಬಾರದು ಎಂದು ನಿಯಮವಿರಬೇಕು. ಉದ್ದನೆಯ ಒಂದೇ ಮೇಜು, ಇಪ್ಪತ್ತು ಜನ. ಇವರ ಎದುರಿಗೆ ಬಿಳಿ ಗಡ್ಡದ ಹಿರಿಯರೊಬ್ಬರು ಕುಳಿತಿದ್ದರು. ಮೈಮೇಲೆ ನಸುಬಿಳಿಯ ಉದ್ದ ಅಂಗಿ, ತಲೆಯ ಮೇಲೆ ಕಸೂತಿಯ ಟೊಪ್ಪಿ.

"ಒಮಾನಿ," ಎಂದು ಪೂವಪ್ಪನವರು ಹೆಂಡತಿಯ ಕಿವಿಯಲ್ಲಿ ಹೇಳಿದರು. "ಯಾರೋ ದೊಡ್ಡ ಶೇಖ್."

ತೃಪ್ತಿ ಒಮ್ಮೆ ದಿಟ್ಟಿಸಿ ನೋಡಿದಳು. "ಇವರೇ, ಆ ಟೊಪ್ಪಿ ನೋಡಿ..."

"ಸುಮ್ಮನಿರು ಮಾರಾಯ್ತಿ!"

ತೃಪ್ತಿ ಸುಮ್ಮನಾದಳು. ಸುಮ್ಮನಾಗಿ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದಳು.

ಪೂವಪ್ಪನವರು ಸಲಾಂ ಹೇಳಿದರು. ಹಿರಿಯರು ಸೊಗಸಾದ ಉರ್ದುವಿನಲ್ಲಿ ಕ್ಷೇಮ ವಿಚಾರಿಸಿದರು. ಒಮಾನಿಗಳಲ್ಲಿ ಹಿಂದಿ, ಉರ್ದು ಬಲ್ಲವರು ಬೇಕಾದಷ್ಟು ಜನ ಇರುವುದರಿಂದ ಇವರಿಗೆ ಯಾವ ಅನುಮಾನವೂ ಬರಲಿಲ್ಲ. ಮೊದಲ ಸುತ್ತು ಬಂತು. ಬಂಡಿಚಕ್ರದಷ್ಟು ದೊಡ್ಡ ತಟ್ಟೆ, ಅದರ ನಡುವೆ ಬಿಸ್ಕತ್ತಿನಷ್ಟೇ ಒಂದು ರೊಟ್ಟಿ, ಮೇಲೆ ಚುಕ್ಕಿ ಚುಕ್ಕಿ ಚಿತ್ತಾರ. ತೃಪ್ತಿ "ಅಯ್ಯೋ, ಅದೇ ರೊಟ್ಟಿ!" ಎಂದು ಸಂಭ್ರಮದಿಂದ ಫೋಟೋ ತೆಗೆಯುವಷ್ಟರಲ್ಲಿ ಪೂವಪ್ಪನವರು ತಮ್ಮದನ್ನು ನುಂಗಿ ಉಪನ್ಯಾಸ ಆರಂಭಿಸಿದ್ದರು.

"ಜನಾಬ್, ಈ ಉಯ್ಘರರು ಯಾರು ಅಂತ ನಿಮಗೆ ಗೊತ್ತುಂಟಾ?"

ಹಿರಿಯರು ನಕ್ಕರು. "ಸ್ವಲ್ಪ ಗೊತ್ತು. ನಾನು..."

"ಸ್ವಲ್ಪ ಸಾಲದು. ಕೇಳಿ."

ಕುಂಬಳಕಾಯಿ ತುಂಬಿದ ಹಬೆಯ ಕಡುಬು ಬಂತು. ತಕ್ಲಮಕಾನ್ ಮರುಭೂಮಿಯೂ ಬಂತು. ದೊಣ್ಣೆಮೆಣಸು, ಟೊಮೆಟೊ ಹಾಕಿದ, ಕೈಯಲ್ಲಿ ಎಳೆದ ನೂಡಲ್ಸು ಬಂತು. ಅದು ಬಾಯಲ್ಲಿರುವಾಗಲೇ ಲಿಪಿಯ ವಿಚಾರ ಬಂತು. ಹಿರಿಯರು ಊಟ ಬಿಟ್ಟು, ಎರಡು ಕೈಯನ್ನೂ ಮೇಜಿನ ಮೇಲಿಟ್ಟು ಕೇಳುತ್ತಿದ್ದರು. ಇಷ್ಟು ಒಳ್ಳೆಯ ಶ್ರೋತೃ ಪೂವಪ್ಪನವರಿಗೆ ಮದುವೆಯಾದ ಮೇಲೆ ಸಿಕ್ಕಿರಲೇ ಇಲ್ಲ.

"ಅವರ ಊರಿನಲ್ಲಿ ಗುಡ್ಡದ ಹಿಮದ ನೀರನ್ನು ನೆಲದಡಿಯ ಕಾಲುವೆಯಲ್ಲಿ ತರ್ತಾರೆ. ಕಾರೇಜ್ ಅಂತ ಅದರ ಹೆಸರು. ಥೇಟ್ ನಿಮ್ಮ ಒಮಾನಿನ ಫಲಜ್ ಕಾಲುವೆ! ಕೆಳಗೆ ಇಳಿದು ಹೂಳು ತೆಗೆಯಬೇಕು. ಎಷ್ಟು ಕಷ್ಟ, ಊಹಿಸಿ ನೋಡಿ!"

"ಊಹಿಸಬಲ್ಲೆ," ಎಂದರು ಹಿರಿಯರು ಮೆಲ್ಲಗೆ.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಕ್ಯಾರೆಟ್ಟು, ಒಣದ್ರಾಕ್ಷಿ ಹಾಕಿದ ಪುಲಾವಿನ ಹುರುಪಿನಲ್ಲಿ ಪೂವಪ್ಪನವರು ಬೆರಳೆತ್ತಿದರು. "ಅವರ ಟೊಪ್ಪಿಯ ಹೆಸರು ದೊಪ್ಪ. ಇದು ಮುಖ್ಯ ಪಾಯಿಂಟು. ನಿಮ್ಮ ಒಮಾನಿ ಟೊಪ್ಪಿ ದುಂಡು. ಅವರದ್ದಕ್ಕೆ ನಾಲ್ಕು ಮೂಲೆ. ಈ ಹಾಲ್‌ಗೆ ಒಬ್ಬ ಉಯ್ಘರ್ ಬಂದರೆ ನಾನು ಒಂದು ಮೈಲಿ ದೂರದಿಂದ ಗುರುತು ಹಿಡೀತೇನೆ!"

ತೃಪ್ತಿಗೆ ಅನ್ನ ನೆತ್ತಿಗೇರಿತು. ಎದುರಿನ ಹಿರಿಯರೇ ಎದ್ದು ನೀರು ಕೊಟ್ಟರು. ಅವರು ಬಗ್ಗಿದಾಗ ಮೇಣದ ಬತ್ತಿಯ ಬೆಳಕಿನಲ್ಲಿ ಟೊಪ್ಪಿಯ ನಾಲ್ಕೂ ಮೂಲೆಗಳು ಪೂವಪ್ಪನವರ ಮೂಗಿನಿಂದ ಒಂದು ಗೇಣು ದೂರದಲ್ಲಿ ಹಾದುಹೋದವು. ಇವರು ಆಗ ದ್ರಾಕ್ಷಿ ಹೆಕ್ಕುವುದರಲ್ಲಿ ಮಗ್ನರಾಗಿದ್ದರು.

ಅಷ್ಟರಲ್ಲಿ ಚಪ್ಪಾಳೆ. ಅಡುಗೆ ಮಾಡಿದ ಹೆಂಗಸು ಏಪ್ರನ್‌ನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಮೂವತ್ತೈದರ ಆಸುಪಾಸು, ಕೆನ್ನೆ ತುಂಬ ಒಲೆಯ ಕೆಂಪು. ಎಲ್ಲರಿಗೂ ತಲೆಬಾಗಿ ನೇರ ಮೇಜಿನಲ್ಲಿ ಇವರಿದ್ದ ತುದಿಗೆ ಬಂದು, ಹಿರಿಯರ ಹೆಗಲ ಮೇಲೆ ಕೈಯಿಟ್ಟು, "ದಾದಾ" ಎಂದು ಏನೋ ಕೇಳಿದಳು. ಆಮೇಲೆ ಇವರತ್ತ ತಿರುಗಿ, "ನಮ್ಮ ಅಪ್ಪ. ಕಾಶ್ಗರಿನ ಕತೆ ಹೇಳಿ ನಿಮಗೆ ಬೇಜಾರು ಮಾಡಲಿಲ್ಲ ತಾನೆ? ಯಾರು ಸಿಕ್ಕಿದರೂ ಹಿಡಿದು ಕೂರಿಸುತ್ತಾರೆ," ಎಂದಳು.

ಪೂವಪ್ಪನವರ ಚಮಚ ತಟ್ಟೆಗೆ ಬಿತ್ತು. ಅವರ ದೃಷ್ಟಿ ಹಿರಿಯರ ಟೊಪ್ಪಿಗೆ ಹೋಯಿತು. ಒಂದು, ಎರಡು, ಮೂರು, ನಾಲ್ಕು.

"ಈಗ ಆ ಟೊಪ್ಪಿಯ ವಿಷಯ ಹೇಳಬಹುದಾ?" ಎಂದಳು ತೃಪ್ತಿ, ಅತ್ಯಂತ ವಿನಯದಿಂದ.

"ನಿನಗೆ ಮೊದಲೇ ಗೊತ್ತಿತ್ತಾ?"

"ಆರು ತಿಂಗಳಿಂದ ವಿಡಿಯೋ ನೋಡ್ತಾ ಇದ್ದೇನೆ. ನೀವು ಮಾತಾಡ್ಬೇಡ ಅಂದಿರಿ."

ಅಡುಗೆಯವಳ ಹೆಸರು ಪತಿಗುಲ್. ಅದನ್ನು ಕೇಳಿದ ತೃಪ್ತಿ ಕನ್ನಡದಲ್ಲಿ, "ಪತಿಯ ಗುಲ್ಲು ನಮ್ಮ ಮನೆಯಲ್ಲೂ ಉಂಟು, ಮಾರಾಯ್ತಿ" ಎಂದು ಹೇಳಿ ತಾನೊಬ್ಬಳೇ ನಕ್ಕಳು.

ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಲು ಪೂವಪ್ಪನವರು ಸಿದ್ಧರಾಗಿದ್ದರು. ಕೈಮುಗಿದು ಏನೋ ತೊದಲುತ್ತಿರುವಾಗ ಹಿರಿಯರು ಆ ಎರಡು ಕೈಗಳನ್ನೂ ಹಿಡಿದುಕೊಂಡರು. ಅವರ ಹೆಸರು ತುರ್ಸುನ್. ಹಿಂದೆ ಪಾಕಿಸ್ತಾನದ ವ್ಯಾಪಾರಿಗಳ ಜೊತೆ ವ್ಯವಹಾರವಿದ್ದುದರಿಂದ ಉರ್ದು ಕಲಿತವರು.

"ಹತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ," ಎಂದರು. "ಒಬ್ಬರು ಚೀನಾದವನೇ ಅಂತಾರೆ, ಒಬ್ಬರು ತುರ್ಕಿಯವನೇ ಅಂತಾರೆ. ನಮ್ಮ ಜನರ ಬಗ್ಗೆ ಇಷ್ಟೆಲ್ಲ ಓದಿ ಬಂದವರು ನೀವೊಬ್ಬರೇ. ನಮ್ಮಪ್ಪ ತುರ್ಪಾನಿನಲ್ಲಿ ಕಾರೇಜ್ ತೋಡುವವರು. ಹತ್ತು ವರ್ಷದ ಹುಡುಗ ನಾನು, ದೀಪ ಹಿಡಿದು ಒಳಗೆ ಇಳಿಯುತ್ತಿದ್ದೆ."

"ಊರಿಗೆ ಹೋಗಿ ಎಷ್ಟು ವರ್ಷ ಆಯ್ತು ಅಜ್ಜ?" ಎಂದು ತೃಪ್ತಿ ತನ್ನ ಹರುಕು ಹಿಂದಿಯಲ್ಲಿ ಕೇಳಿದಳು.

ತುರ್ಸುನ್ ಬೆರಳು ಮಡಚುತ್ತಾ ಹೋಗಿ ನಡುವೆಯೇ ನಿಲ್ಲಿಸಿದರು. "ಈಗ ಹೋಗುವ ಹಾಗಿಲ್ಲ ಮಗಳೇ. ತಮ್ಮನಿದ್ದಾನೆ ಅಲ್ಲಿ. ಫೋನೂ ಸಿಗುವುದಿಲ್ಲ." ಪತಿಗುಲ್ ಅಪ್ಪನ ಹೆಗಲನ್ನು ಇನ್ನೂ ಸ್ವಲ್ಪ ಒತ್ತಿ ಹಿಡಿದಳು. ಆಮೇಲೆ ಮುದುಕರ ಮುಖದಲ್ಲಿ ಮತ್ತೆ ನಗು ಮೂಡಿತು. "ಆದರೆ ಇವತ್ತು ಇವರು ಮಾತಾಡುತ್ತಿರುವಾಗ ನಾನು ಹೋಗಿ ಬಂದೆ."

ಪೂವಪ್ಪನವರ ಕಣ್ಣು ಮಂಜಾಯಿತು. ಮರ್ಯಾದೆ ವಾಪಸು ಬಂತೆಂದು ಕೋಟು ಸರಿಪಡಿಸಿಕೊಂಡರು. (ಒಂದೆರಡು ಕೊತ್ತಂಬರಿ ಎಲೆ ಉದುರಿತು.)

"ಇನ್ನು ನನ್ನ ಸರದಿ," ಎಂದು ತುರ್ಸುನ್ ಕುರ್ಚಿಯನ್ನು ಮುಂದೆಳೆದುಕೊಂಡರು. "ನಿಮ್ಮ ಜನರ ಬಗ್ಗೆ ನನಗೂ ತುಂಬ ಗೊತ್ತು. ನಿಮ್ಮನ್ನು ನೋಡಿದ ಕೂಡಲೇ ಗುರುತು ಹಿಡಿದೆ. ನೀವು ಕೇರಳದವರು!"

ಪೂವಪ್ಪನವರು ಬಾಯಿ ತೆರೆದರು. ಗಲ್ಫಿನಲ್ಲಿ ಇಷ್ಟು ವರ್ಷವಿದ್ದೂ ಮಲಯಾಳ ಕಲಿಯದ ಏಕೈಕ ಮನುಷ್ಯ ಎಂಬುದು ಅವರ ಹೆಮ್ಮೆಯ ಬಿರುದಾಗಿತ್ತು. ಆದರೆ ಅರ್ಧ ಗಂಟೆ ಈ ಮನುಷ್ಯನಿಗೇ ಈ ಮನುಷ್ಯನ ಊರಿನ ಪಾಠ ಮಾಡಿದ ಬಾಯಿಯಲ್ಲಿ 'ತಪ್ಪು' ಎಂಬ ಮಾತು ಹೊರಡುವುದಾದರೂ ಹೇಗೆ? ಅವರು ಬಾಯಿ ಮುಚ್ಚಿದರು.

ತುರ್ಸುನ್ ಶುರುಮಾಡಿದರು. ಹಾವಿನಂಥ ಉದ್ದ ದೋಣಿ, ನೂರು ಜನ ಹುಟ್ಟು ಹಾಕುವುದು, ಪುಟ್ಟು, ಬಾಳೆಕಾಯಿ ಚಿಪ್ಸು, ಓಣಂ. ಪೂವಪ್ಪನವರು ಕೈಯೆರಡನ್ನೂ ಮೇಜಿನ ಮೇಲಿಟ್ಟು ತಲೆದೂಗುತ್ತಾ ಕುಳಿತರು.

"ಹೌದಜ್ಜ," ಎಂದು ತೃಪ್ತಿ ಸೇರಿಸಿದಳು. "ಇವರೂ ಸಣ್ಣದಿರುವಾಗ ದೋಣಿ ಓಡಿಸ್ತಿದ್ದರು."

"ತೃಪ್ತೀ!" (ಅವರಿಗೆ ಈಜು ಬರುವುದಿಲ್ಲ.)

"ಮಲಯಾಳ ಹಾಡಂತೂ ಎಷ್ಟು ಚಂದ ಹಾಡ್ತಾರೆ ಅಂತೀರಿ!"

ಪತಿಗುಲ್ ಚಪ್ಪಾಳೆ ತಟ್ಟಿದಳು. ಇಪ್ಪತ್ತು ಜನರೂ ಇತ್ತ ತಿರುಗಿದರು. ತುರ್ಸುನ್ ಮಗುವಿನಂತೆ ಕಣ್ಣರಳಿಸಿ ಕಾಯುತ್ತಿದ್ದರು. ಆ ಕಣ್ಣುಗಳನ್ನು ನಿರಾಶೆಗೊಳಿಸಲು ಪೂವಪ್ಪನವರಿಗೆ ಮನಸ್ಸು ಬರಲಿಲ್ಲ. ಅವರಿಗೆ ಬರುತ್ತಿದ್ದ ಮಲಯಾಳ ಒಂದೇ ಸಾಲು, ಅದೂ ಆಫೀಸಿನ ಕೆಳಗಿನ ಕೆಫೆಟೇರಿಯಾದಲ್ಲಿ ಕಲಿತದ್ದು. ಎದ್ದು ನಿಂತು, ಕಣ್ಣುಮುಚ್ಚಿ, ಊರಿನ ಶನಿವಾರದ ಭಜನೆಯ ಧಾಟಿಯಲ್ಲಿ ಎತ್ತಿದರು: "ಚೇಟ್ಟಾ... ಆ... ಚೇಟ್ಟಾ... ಒರು ಚಾಯ... ಒರು ಚಾಯಾ..."

"ಚಾಯ್!" ತುರ್ಸುನ್ ಕೂಗಿದರು. "ನಮ್ಮ ಭಾಷೆಯಲ್ಲೂ ಚಾಯ್! ನೋಡಿ, ನೋಡಿ, ನಾವೆಲ್ಲ ಒಂದೇ!" ಇಡೀ ಮೇಜು ಚಪ್ಪಾಳೆ ಹೊಡೆಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಲಶ್ಶೇರಿಯ ವೇಟರ್ ಪುಳಕಿತನಾಗಿ ಓಡಿ ಬಂದ. ಕೈಯಲ್ಲಿ ಒಂದು ಚಹಾ. ಅದನ್ನು ಮುಂದಿಟ್ಟು, "ನಾಟ್ಟಿಲ್ ಎವಿಡೆಯಾ ಚೇಟ್ಟಾ?" ಎಂದು, ಊರಲ್ಲಿ ಯಾವ ಕಡೆ ಅಣ್ಣ ಎಂದು ಅಕ್ಕರೆಯಿಂದ ಕೇಳಿದ.

ತುರ್ಸುನ್ ಸೇರಿ ಎಲ್ಲರೂ ಉತ್ತರಕ್ಕಾಗಿ ನೋಡುತ್ತಿದ್ದರು. ಪೂವಪ್ಪನವರು ಹೆಂಡತಿಯ ಮುಖ ನೋಡಿದರು. ಆಕೆ ಮೇಣದ ಬತ್ತಿಯನ್ನು ಗಮನವಿಟ್ಟು ನೋಡುತ್ತಿದ್ದಳು. ಬೇರೆ ದಾರಿ ಕಾಣದೆ ಅವರು ಗಂಭೀರವಾಗಿ ತಲೆದೂಗಿ, "ಒರು ಚಾಯ" ಎಂದರು.

ಇನ್ನೊಂದು ಚಹಾ ಬಂತು. ಜೊತೆಗೆ ಇನ್ನೊಂದು ಪ್ರಶ್ನೆಯೂ ಬಂತು.

ಮುಸ್ತಫಾ ಕ್ರೇಟುಗಳನ್ನೆಲ್ಲ ಇಳಿಸಿ ಕರೆಯಲು ಬರುವ ಹೊತ್ತಿಗೆ ತೃಪ್ತಿ ಅಡುಗೆಮನೆಯಲ್ಲಿ ಪತಿಗುಲ್ ಜೊತೆ ಹಿಟ್ಟಿನ ಎಳೆ ಎಳೆಯುತ್ತಾ, ನಗುತ್ತಾ ನಿಂತಿದ್ದಳು. ಪೂವಪ್ಪನವರು ಹಾಲ್‌ನಲ್ಲಿ ತುರ್ಸುನ್ ಮತ್ತು ವೇಟರನ ನಡುವೆ ಸೆರೆಸಿಕ್ಕಿ ಆರನೆಯ ಚಹಾ ಕುಡಿಯುತ್ತಿದ್ದರು.