ಬೀಳಲು ಬಂದವರ ಕುಸ್ತಿ

ಸಾಬಣ್ಣನ ಅತ್ತೆ ಭೀಮಮ್ಮ, ಈ ಸಲ ಕುಸ್ತಿ ನೋಡಲು ತಾನೂ ಬರುತ್ತೇನೆ ಎಂದದ್ದೇ ತೊಂದರೆಗೆ ಮೊದಲಾಯಿತು.

ವಾಡಿಯ ಕಾಗಿಣಾ ಕುಸ್ತಿ ಕಂಪನಿಯಲ್ಲಿ ಸಾಬಣ್ಣನ ಕೆಲಸವೆಂದರೆ ಸೋಲುವುದು. ಕರಿ ಮುಖವಾಡ ಹಾಕಿಕೊಂಡು, 'ಚಿಂಚೋಳಿ ಅಡವಿಯ ರಾಕ್ಷಸ' ಎಂಬ ಹೆಸರಿನಲ್ಲಿ ಅಖಾಡಕ್ಕೆ ಇಳಿದು, ಸೇಡಂನಲ್ಲಿ ಸೇಡಂ ಹುಡುಗನ ಕೈಯಲ್ಲಿ, ಶಹಾಬಾದಿನಲ್ಲಿ ಶಹಾಬಾದಿನವನ ಕೈಯಲ್ಲಿ, ತನ್ನದೇ ಊರಾದ ಚಿತ್ತಾಪುರದಲ್ಲಿ ಪಕ್ಕದ ಮನೆಯವನ ಕೈಯಲ್ಲಿ ಒದೆ ತಿಂದು ಅಂಗಾತ ಬೀಳುತ್ತಿದ್ದ. ಸುಮ್ಮನೆ ದೊಪ್ಪೆಂದು ಬೀಳುವವನಲ್ಲ. ಮೊದಲು ಮೊಣಕಾಲು ಕುಸಿಯುತ್ತಿತ್ತು, ಆಮೇಲೆ ಭುಜ ವಾಲುತ್ತಿತ್ತು, ಒಂದು ದೀರ್ಘ ಉಸಿರು ಹೊರಡುತ್ತಿತ್ತು, ಕಟ್ಟಕಡೆಗೆ ಬೆನ್ನು. ಪುರಾಣ ಹಾಡುವವರು ಷಟ್ಪದಿಯ ಕೊನೆಯ ಸಾಲನ್ನು ಎಳೆದು ಇಳಿಸಿ ನಿಲ್ಲಿಸಿದ ಹಾಗೆ. ಅವನು ಬಿದ್ದ ಮೇಲೆ ನೋಡಿದವರ ಎದೆ ಹಗುರಾಗಿ, ಸಿಮೆಂಟು ಕಾರ್ಖಾನೆಯ ಪಾಳಿ ಮುಗಿಸಿ ತಲೆತುಂಬ ಧೂಳು ಹೊತ್ತು ಬಂದವರೂ ನಗುತ್ತ ಮನೆಗೆ ಹೋಗುತ್ತಿದ್ದರು.

ತೆಂಗಳಿಯ ಅತ್ತೆಮನೆಯಲ್ಲಿ ಮಾತ್ರ ಲೆಕ್ಕ ಬೇರೆ ಇತ್ತು. ಮದುವೆಯಾದ ಹೊಸದರಲ್ಲಿ ಭೀಮಮ್ಮ, "ಅಳಿಯಂದ್ರ, ಕುಸ್ತಿಯಾಗ ಗೆಲ್ಲೋರು ನೀವೇ ಹೌದಲ್ರಿ?" ಎಂದು ಕೇಳಿದಾಗ ಸಾಬಣ್ಣನ ಬಾಯಲ್ಲಿ ಹೋಳಿಗೆ ಇತ್ತು. ತಲೆಯಾಡಿಸಿದ್ದ. ಹೋಳಿಗೆ ಅಂದೇ ಕರಗಿತು, ಆಡಿಸಿದ ತಲೆ ಇಷ್ಟು ವರ್ಷವಾದರೂ ಕರಗಿರಲಿಲ್ಲ. ಕಂಪನಿ ಎಂದೂ ತೆಂಗಳಿಗೆ ಹೋಗಿರಲಿಲ್ಲ, ಸುಳ್ಳು ಸುಖವಾಗಿತ್ತು. ಇಂದು ಸಂಜೆಯ ಕುಸ್ತಿ ತೆಂಗಳಿಯಲ್ಲೇ.

"ನಮ್ಮವ್ವ ಓಣಿಗೆಲ್ಲ ಹೇಳಿ ಬಂದಾಳ," ಎಂದಳು ಹೆಂಡತಿ ರಾಧಿಕಾ, ಮುಂಜಾನೆ ಚಾ ಕೊಡುತ್ತ. "ಇವತ್ತೊಂದಿನ ಬೀಳಬ್ಯಾಡ್ರಿ. ನಾಳಿಂದ ದಿನಾ ಬೀಳ್ರಿ, ನಾ ಏನಾರ ಅಂತೀನೇನು?"

ಮೊದಲಾಗಿದ್ದರೆ ಇದು ಸುಲಭದ ಮಾತು. ಕಂಪನಿ ಕಟ್ಟಿದ ರೇವಣಸಿದ್ದಯ್ಯನವರಿಗೆ ಇದ್ದದ್ದು ಎರಡೇ ನೇಮ. ಯಾವ ಊರಿನಲ್ಲಿ ಕುಸ್ತಿಯೋ ಆ ಊರ ಮಗ ಗೆಲ್ಲಬೇಕು. ಗೆಲ್ಲುವವ ಯಾರೆಂದು ಒಂದೇ ಬಾಯಿ ಹೇಳಬೇಕು, ಅದೂ ಮುಂಜಾನೆಯ ಚಾ ಆರುವ ಮುಂಚೆ. ಈ ಎರಡು ನೇಮದ ಮೇಲೆ ಚಿಂಚೋಳಿಯಿಂದ ವಾಡಿಯವರೆಗೆ ಡೇರೆ ತುಂಬಿ ಹೊರಗೆ ಮಂದಿ ಮರ ಹತ್ತುತ್ತಿದ್ದರು. ಎರಡು ವರ್ಷದ ಹಿಂದೆ ಅಯ್ಯನವರು, "ಇನ್ನ ಪುರಾಣ ಕೇಳ್ಕೋತ ಇರ್ತೀನಿ," ಎಂದು ಮಠ ಸೇರಿದರು. ಕಂಪನಿಯ ನೊಗವನ್ನು ಹೆಂಡತಿ ಗುರುದೇವಿಯ ಮೇಲೂ ಮಗ ಸಂತೋಷಕುಮಾರನ ಮೇಲೂ ಇಟ್ಟರು. ಜೋಡೆತ್ತು ಹೂಡಿದೆ ಎಂದು ಅವರು ತಿಳಿದಿದ್ದರು. ಒಂದು ಸೇಡಂ ಕಡೆ ಎಳೆಯಿತು, ಇನ್ನೊಂದು ಶಹಾಬಾದ ಕಡೆ.

ಸಂತೋಷಕುಮಾರ ಪುಣೆಯಲ್ಲಿ ಮ್ಯಾನೇಜ್‌ಮೆಂಟ್ ಓದಿದವ. ಗಿರಾಕಿಗೆ ಪೂರ್ತಿ ಮಾಹಿತಿ ಕೊಡಬೇಕು ಎಂಬುದು ಅವನ ಮತ. ಹಾಗಾಗಿ ಒಮ್ಮೆ ಶಹಾಬಾದಿನಲ್ಲಿ ಇಡೀ ಹಗಲು ಆಟೋದ ಮೈಕಿನಲ್ಲಿ, "ಇಂದು ಸಂಜೆ ಯಾರು ಗೆಲ್ಲುತ್ತಾರೆ" ಎಂಬುದನ್ನೂ ಸಾರಿಸಿಬಿಟ್ಟ. ಶಹಾಬಾದಿನ ಮಂದಿ ಸುದ್ದಿ ತಿಳಿಸಿದ್ದಕ್ಕೆ ಸಂತೋಷಪಟ್ಟು ಮನೆಯಲ್ಲೇ ಉಳಿದರು.

ಗುರುದೇವಿಯದು ತಾಯಿಯ ಕರುಳು. ಯಾವ ಪೈಲ್ವಾನನ ಅವ್ವ ಬಂದು ಸೆರಗಿನಿಂದ ಕಣ್ಣು ಒರೆಸಿಕೊಂಡರೂ ಆ ಪೈಲ್ವಾನನಿಗೆ ಒಂದು ಚಾಂಪಿಯನ್ ಪಟ್ಟಿ. ಹೀಗೆ ಕಂಪನಿಯ ಎಲ್ಲರ ಸೊಂಟಕ್ಕೂ ಬಂಗಾರದ ಬಣ್ಣದ ಪಟ್ಟಿ ಬಂತು. ಪಟ್ಟಿ ಬಂದವನಿಗೆ ಬೀಳಲು ಮನಸ್ಸು ಬಾರದು. ಕಳೆದ ತಿಂಗಳು ಸೇಡಂನಲ್ಲಿ ಇಬ್ಬರು ಚಾಂಪಿಯನ್ನರು ಒಬ್ಬರ ಹೆಗಲು ಒಬ್ಬರು ಹಿಡಿದು, ನೀ ಬೀಳು ನೀ ಬೀಳು ಎಂದು ಗೊಣಗುತ್ತ ನಿಂತೇ ಇದ್ದರು. ಮಂದಿ ಹೋಗಿ ಮಿರ್ಚಿ ತಿಂದು ಬಂದರು. ಇವರು ಆಗಲೂ ನಿಂತಿದ್ದರು.

ಪಟ್ಟಿ ಇಲ್ಲದವನು ಸಾಬಣ್ಣ ಒಬ್ಬನೇ. ಅವನ ಅವ್ವ ತೀರಿಹೋಗಿದ್ದಳು.

ಅವನು ವಾಡಿ ಟೇಶನ್ನಿನ ಹಿಂದಿದ್ದ ಕಂಪನಿಯ ಶೆಡ್ಡಿಗೆ ಹೋಗಿ ಸಂತೋಷಕುಮಾರನ ಮುಂದೆ ಕೈಮುಗಿದು ನಿಂತ. "ಸಾಹುಕಾರ್ರ, ಇವತ್ತ ಒಂದು ಗೆಲುವು ಕೊಡ್ರಿ. ಅತ್ತಿ ಬರಾಕತ್ತಾಳ."

"ತೆಂಗಳಿ ಹುಡುಗರು ನಮ್ಮ ಕಂಪನಿಯಾಗ ಯಾರೂ ಇಲ್ಲ. ನೀ ಅಳಿಯ. ಅಳಿಯ ಊರ ಮಗ ಆಗ್ತಾನೇನು?" ಎಂದು ಸಂತೋಷಕುಮಾರ ಪೆನ್ನು ಕಚ್ಚಿದ.

ಉತ್ತರ ಕೊಟ್ಟವನು ಅಮೀರ್ ಅಲಿ. ಮೈಕಿನಲ್ಲಿ ಸಾರುವವನೂ ಅವನೇ, ಅಖಾಡದಲ್ಲಿ ಸೀಟಿ ಊದುವ ಪಂಚನೂ ಅವನೇ. "ಏನ್ ಮಾತ್ರಿ ಸಾಬ್! ಮಗಗ ಮುಂಜಾನಿ ರೊಟ್ಟಿ ಕೊಡ್ತಾರ, ಅಳಿಯಗ ಬಿಸಿ ಹೋಳಿಗಿ. ಯಾರ ದರ್ಜಾ ದೊಡ್ಡದು ನೀವೇ ಹೇಳ್ರಿ."

ಸಂತೋಷಕುಮಾರನಿಗೆ ಹೋಳಿಗೆಯ ಲೆಕ್ಕ ಒಪ್ಪಿಗೆಯಾಯಿತು. "ಆತು, ಸಾಬಣ್ಣ ಗೆಲ್ಲಲಿ. ನಮ್ಮ ಚಿಕ್ಕವ್ವನ ಮಗ ಉದಯಕುಮಾರ ಬೀಳಲಿ. ಚಾಚಾ, ಈ ಸಲ ಹೆಸರು ಸಾರಬ್ಯಾಡ್ರಿ, ಬ್ಯಾರೆ ಏನಾರ ಜೋರದಾರ್ ಬೇಕು. ಹಿಂಗನ್ರಿ, ಇವತ್ತ ಗೆದ್ದಾಂವಗ ಇಡೀ ಕಂಪನೀನೇ ಇನಾಮು!"

ಅಮೀರ್ ಅಲಿ ಗಡ್ಡ ಕೆರೆದುಕೊಂಡ. "ಖರೇನ ಕೊಡ್ತೀರಿ?"

"ಮಂದಿ ಬರ್ಲಿ ಅಂತ ಹೇಳೋದು ಚಾಚಾ. ಗೆಲ್ಲಾಂವ ನಮ್ಮ ಸಾಬಣ್ಣ. ಅಂವ ಕೇಳ್ತಾನೇನು?"

ಸಾಬಣ್ಣ ನಕ್ಕ. ಅವನಿಗೆ ಕಂಪನಿ ಬೇಕಿರಲಿಲ್ಲ, ಅತ್ತೆಯ ಮುಂದೆ ಒಮ್ಮೆ ನಿಂತಿರಬೇಕಿತ್ತು, ಅಷ್ಟೆ.

ಆ ನಗು ಟೆಂಪೊ ಹತ್ತುವವರೆಗೆ ಉಳಿಯಿತು. ಮುಂದಿನ ಸೀಟಿನಲ್ಲಿ ಕುಂತಿದ್ದ ಗುರುದೇವಿ ತಿರುಗಿ ನೋಡಿದಳು. "ಯಾರು ಹೇಳ್ದೋರು ಉದಯ ಬೀಳ್ತಾನಂತ? ಇವತ್ತ ನನ್ನ ತಂಗಿ ಮಗನ್ನ ನೋಡಾಕ ಸೇಡಂದಿಂದ ಹೆಣ್ಣಿನೋರು ಬರಾಕತ್ತಾರ. ಬಿದ್ದ ಗಂಡಿಗಿ ಹೆಣ್ಣ ಯಾರ ಕೊಡ್ತಾರ?"

"ಅವ್ವಾ, ಊರ ನೇಮ ಅದ," ಎಂದ ಸಂತೋಷಕುಮಾರ.

"ನೇಮ ನನ್ನ ಗಂಡ ಮಾಡಿದ್ದು. ನನಗ ಕಲಸ್ತೀ?"

"ಹಂಗಾದ್ರ ಕಂಪನಿ ನೀನೇ ನಡಸು!"

"ನಡಸ್ತೀನಿ! ನೀ ನನ್ನ ಕೂಡ ಮಾತಾಡಬ್ಯಾಡ!"

ಅಲ್ಲಿಂದ ತೆಂಗಳಿಯವರೆಗೆ ತಾಯಿಯೂ ಮಗನೂ ಎರಡು ಕಿಟಕಿಗಳಿಂದ ಎರಡು ಬಗೆಯ ತೊಗರಿ ಹೊಲ ನೋಡುತ್ತ ಹೋದರು. ಹಿಂದೆ ಕುಂತ ಚಾಂಪಿಯನ್ನರಿಗೆ ಹಬ್ಬ. "ಸಾಬಣ್ಣ ಕಾಕಾ, ಗೆಲ್ಲೋದಂದ್ರ ಹ್ಯಾಂಗ ಗೊತ್ತದ ಇಲ್ಲ? ಕಡೀಗಿ ಮ್ಯಾಲ ಇರಬೇಕು, ಕೆಳಗಲ್ಲ!" ಎಂದೊಬ್ಬ. "ಅಭ್ಯಾಸಬಲದಾಗ ಸೀಟಿ ಊದೂಕಿಂತ ಮೊದಲ ಮಲಗೀ-ಗಿಲಗೀಯೋ," ಎಂದಿನ್ನೊಬ್ಬ. ಪಾಪ, ಉದಯಕುಮಾರ ಮಾತ್ರ ನಗಲಿಲ್ಲ. ಅವನಿಗೆ ಬೀಳುವ ವಿದ್ಯೆ ಕಲಿಸಿದವನು ಸಾಬಣ್ಣನೇ. ಪಟ್ಟಿ ಬಂದ ಮೇಲೆ ಆ ವಿದ್ಯೆಗೆ ಕೆಲಸವಿರಲಿಲ್ಲ.

ತೆಂಗಳಿಯ ಊರಬಾಗಿಲ ಅಗಸಿಯಲ್ಲಿ ಹೆಣ್ಣುಮಕ್ಕಳು ಆರತಿ ಹಿಡಿದು ನಿಂತಿದ್ದರು. ಭೀಮಮ್ಮ ಅಳಿಯನ ರಟ್ಟೆಯನ್ನು ಸಂತೆಯಲ್ಲಿ ಕುಂಬಳ ಒತ್ತಿ ನೋಡುವಂತೆ ಒತ್ತಿ ಎಲ್ಲರಿಗೂ ತೋರಿಸಿದಳು. ಓಣಿಯವರೂ ಸರತಿಯಿಂದ ಒತ್ತಿ ನೋಡಿದರು. ಒಬ್ಬ ಮುದುಕ ಕಿವಿಯಲ್ಲಿ ಹೇಳಿದ, "ಅಳಿಯಂದ್ರ, ಆ ಚಿಂಚೋಳಿ ರಾಕ್ಷಸ ಭಾಳ ಹಲಕಟ್ ಅಂತ ಕೇಳೀನಿ. ಸಿಕ್ರ ಅವನ ಹಲ್ಲು ಮುರೀರಿ."

ಸಾಬಣ್ಣ ನಾಲಗೆಯಿಂದ ತನ್ನ ಹಲ್ಲುಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ನೋಡೂನ್ರಿ," ಎಂದ.

ಕುಸ್ತಿಗೆ ಇನ್ನೇನು ಹೊತ್ತಾಯಿತು ಎನ್ನುವಾಗ ಸಂತೋಷಕುಮಾರ ಡೇರೆಯ ಹಿಂದಕ್ಕೆ ಬಂದ. ಮುಖ ಸಣ್ಣದಾಗಿತ್ತು. "ಸಾಬಣ್ಣ, ಅವ್ವ ಮುಂಜಾನಿಂದ ಒಂದು ತುತ್ತು ಉಂಡಿಲ್ಲ. ನನ್ನ ಕೂಡ ಮಾತು ಬಿಟ್ಟಾಳ. ನೀ ಬಿದ್ದುಬಿಡಪ. ಆಕಿ ಮಾತ ನಡೀಲಿ."

ಸಾಬಣ್ಣ ಡೇರೆಯ ಸಂದಿಯಿಂದ ಇಣುಕಿದ. ಹೊರಗೆ ಮುಂದಿನ ಸಾಲಿನಲ್ಲಿ ಭೀಮಮ್ಮ ಹಸಿರು ಇಳಕಲ್ ಸೀರೆ ಉಟ್ಟು ದೇವರ ಮುಂದೆ ಕುಂತ ಹಾಗೆ ಕುಂತಿದ್ದಳು. ಆದರೂ ತಾಯಿಯ ಉಪವಾಸ ಎಂದ ಮೇಲೆ ಅವನು ಇಲ್ಲ ಎನ್ನಲಾರ. "ಆಗ್ಲಿ ಸಾಹುಕಾರ್ರ, ಬೀಳ್ತೀನಿ," ಎಂದ. ಮುಖವಾಡ ಮಾತ್ರ ಹಾಕಲಿಲ್ಲ. ಬೀಳುವುದಾದರೆ ಸ್ವಂತ ಮುಖದಿಂದಲೇ ಬೀಳೋಣ ಎಂದುಕೊಂಡ.

ಅದೇ ಗಳಿಗೆಯಲ್ಲಿ ಡೇರೆಯ ಆ ಬದಿಗೆ ಗುರುದೇವಿ ಉದಯಕುಮಾರನ ತಲೆ ಸವರುತ್ತಿದ್ದಳು. "ನನ್ನ ಮಗನ ಮಾರಿ ನೋಡಾಕಾಗವಲ್ದು. ನೀ ಬಿದ್ದುಬಿಡು ತಮ್ಮಾ. ಹೆಣ್ಣಿನೋರಿಗಿ ನಾ ಏನಾರ ಹೇಳ್ತೀನಿ." ಮಾತು ಬಿಟ್ಟಿದ್ದರಿಂದ ತಾಯಿ ಇದನ್ನು ಮಗನಿಗೆ ಹೇಳಲಿಲ್ಲ, ಮಗ ಅದನ್ನು ತಾಯಿಗೆ ಹೇಳಲಿಲ್ಲ.

ಅಮೀರ್ ಅಲಿ ಸೀಟಿ ಊದಿದ. ಇಬ್ಬರೂ ಕೈ ಕೂಡಿಸಿದರು. ಕೂಡಿಸಿದ ಮರುಗಳಿಗೆಯಲ್ಲಿ ಸಾಬಣ್ಣನ ಮೊಣಕಾಲು ಕುಸಿಯಿತು. ಎದುರಿಗೆ ನೋಡಿದರೆ ಉದಯಕುಮಾರನ ಮೊಣಕಾಲೂ ಕುಸಿದಿತ್ತು. ಇಬ್ಬರೂ ಅಖಾಡದ ನಡುವೆ ಪೂಜೆಗೆ ಕುಂತವರಂತೆ ಕುಂತರು.

"ಏಳೋ ತಮ್ಮಾ," ಎಂದು ಸಾಬಣ್ಣ ಪಿಸುಗುಟ್ಟಿದ. "ಬೀಳಾಂವ ನಾ."

"ಇಲ್ಲ ಕಾಕಾ, ನಾ. ದೊಡ್ಡವ್ವ ಹೇಳ್ಯಾಳ."

"ಸಣ್ಣ ಸಾಹುಕಾರ ನನಗ ಹೇಳ್ಯಾನ!"

ಸಾಬಣ್ಣ ಅವನ ನಡು ಹಿಡಿದೆತ್ತಿ ತನ್ನ ಎದೆಯ ಮೇಲೆ ಹಾಕಿಕೊಳ್ಳಲು ನೋಡಿದ. ಉದಯಕುಮಾರ ಮೀನಿನಂತೆ ಜಾರಿ ಅವನ ಕೆಳಗೆ ಸೇರಿದ. ಸಾಬಣ್ಣ ಉರುಳಿ ಅವನ ಕೆಳಗೆ ಹೋದ. ಅವನು ಮತ್ತೆ ಉರುಳಿದ. ಹೀಗೆ ಇಬ್ಬರೂ ಅಖಾಡದ ಈ ತುದಿಯಿಂದ ಆ ತುದಿಗೆ ಜೋಳದ ಚೀಲಗಳಂತೆ ಉರುಳಾಡಿದರು. ತೆಂಗಳಿಯ ಮಂದಿ ಇಂಥ ಕುಸ್ತಿ ಕಂಡಿರಲಿಲ್ಲ. ಶಿಳ್ಳೆ, ಚಪ್ಪಾಳೆ, ತಲೆಯಿಂದ ಬಿಚ್ಚಿ ಹಾರಿಸಿದ ಪಟಗ. ಎಷ್ಟೋ ದಿನಗಳ ಮೇಲೆ ಕಂಪನಿಯ ಡೇರೆಯಲ್ಲಿ ಮಂದಿ ಎದ್ದು ನಿಂತಿದ್ದರು, ಯಾಕೆಂದರೆ ಎಷ್ಟೋ ದಿನಗಳ ಮೇಲೆ ಇಬ್ಬರು ಪೈಲ್ವಾನರು ನಿಜವಾಗಿ ಸೆಣಸುತ್ತಿದ್ದರು.

ಕೊನೆಗೆ ಇಬ್ಬರೂ ತೇಕುತ್ತ ಎದ್ದು ನಿಂತರು. ಉದಯಕುಮಾರ ಕಣ್ಣು ಮುಚ್ಚಿದ. ಅವನಿಗೆ ಹಳೆಯ ಪಾಠ ನೆನಪಾಗಿರಬೇಕು. ಮೊದಲು ಮೊಣಕಾಲು ಕುಸಿಯಿತು. ಭುಜ ವಾಲಿತು. ಒಂದು ದೀರ್ಘ ಉಸಿರು ಹೊರಟಿತು. ಸಾಬಣ್ಣ ನೋಡುತ್ತ ನಿಂತ. ಆಹಾ, ಹುಡುಗ ಮರೆತಿಲ್ಲ! ಆ ಉಸಿರಿನ ಮುಂದೆ ಇನ್ನೊಂದು ಚೂರು ತಡೆದರೆ ಎಷ್ಟು ಛಲೋ... ತಡೆದ! ಗುರುವಿನ ಕಣ್ಣು ತುಂಬಿ ಬಂತು. ಬೆನ್ನು ಹಗುರಾಗಿ ನೆಲ ಮುಟ್ಟಿತು. ಶಿಷ್ಯ ಬೀಳುವ ಚಂದ ನೋಡುತ್ತ ಸಾಬಣ್ಣ ತಾನು ಬೀಳುವುದನ್ನೇ ಮರೆತಿದ್ದ.

"ತೆಂಗಳಿ ಅಳಿಯ ಗೆದ್ದ!" ಎಂದು ಅಮೀರ್ ಅಲಿ ಸಾಬಣ್ಣನ ಕೈ ಎತ್ತಿಬಿಟ್ಟ.

ಗದ್ದಲ ಇಳಿದ ಮೇಲೆ ಊರ ಗೌಡರು ಎದ್ದು ನಿಂತರು. "ಮುಂಜಾನಿಂದ ಮೈಕಿನ್ಯಾಗ ಕೇಳೀವಿ. ಕಂಪನಿ ಯಾವಾಗ ಕೊಡ್ತೀರಿ?"

ಸಂತೋಷಕುಮಾರ ನಕ್ಕ. ನಕ್ಕವನು ಅವನೊಬ್ಬನೇ. "ಗೌಡ್ರ, ಅದು ಮಾತಿಗಿ ಹೇಳಿದ್ದು..."

"ಬ್ಯಾರೆಯವರಿಗಿ ಹೇಳಿದ್ರ ಮಾತು. ಊರ ಮುಂದ ಅಳಿಯಗ ಹೇಳಿದ್ರ ಅದು ಆಹೇರಿ, ಮದುವಿ ಉಡುಗೊರಿ ಇದ್ದಂಗ. ಆಹೇರಿ ತಿರುಗಿ ಒಯ್ದೋರು ಈ ಊರ ಅಗಸಿ ದಾಟಿಲ್ಲ."

ದಿಕ್ಕು ತೋಚದೆ ಸಂತೋಷಕುಮಾರ ಮಠಕ್ಕೆ ಫೋನು ಮಾಡಿದ. ಎಲ್ಲರಿಗೂ ಕೇಳಲಿ ಎಂದು ಅಮೀರ್ ಅಲಿ ಅದನ್ನು ಮೈಕಿಗೆ ಹಿಡಿದ. ಮೊದಲು ಪುರಾಣದ ಹಾಡು, ಹಾರ್ಮೋನಿಯಂ ಕೇಳಿಸಿತು. ಆಮೇಲೆ ರೇವಣಸಿದ್ದಯ್ಯನವರ ದನಿ. "ಗೆದ್ದಾಂವ ಯಾರು?"

"ಸಾಬಣ್ಣ, ಅಪ್ಪಾಜಿ."

ಆ ಕಡೆ ಹಾರ್ಮೋನಿಯಂ ಒಂದು ಸುತ್ತು ಮುಗಿಸಿತು. "ಸಾಬಣ್ಣ ಗೆದ್ದಾನ? ಹಂಗಂದ್ರ ಕಂಪನಿ ಮುಗೀತು. ಕೊಟ್ಟುಬಿಡ್ರಿ, ಶಿವಾರ್ಪಣ."

ಫೋನು ಇಟ್ಟ ಮೇಲೆ ಇಬ್ಬರು ಪೈಲ್ವಾನರ ಬಾಯಿಂದ ತಾಯಿ-ಮಗನಿಗೆ ಒಬ್ಬರಿಗಾಗಿ ಒಬ್ಬರು ಸೋತದ್ದು ತಿಳಿಯಿತು. "ನನಗಾಗಿ ಹಂಗ ಮಾಡಿದೇನವ್ವಾ?" "ನೀ ನನಗಾಗಿ ಮಾಡಿದೇನಪ್ಪಾ?" ಎಂದು ಅಪ್ಪಿಕೊಂಡು ಅತ್ತು, ಬಹಳ ಹಗುರಾಗಿ, ಮೊದಲು ಸಿಕ್ಕ ಜೀಪು ಹತ್ತಿ ವಾಡಿಗೆ ಹೋದರು. ಕಂಪನಿಯ ಕಡೆ ತಿರುಗಿಯೂ ನೋಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಭೀಮಮ್ಮನ ಪಡಸಾಲೆಯಲ್ಲಿ ಇಡೀ ಕಂಪನಿ ಹೋಳಿಗೆಗೆ ಕುಂತಿತ್ತು. ನಡುವಿನ ಮಣೆಯ ಮೇಲೆ, ಶಾಲು ಹೊದ್ದ ಮಾಲಕ ಸಾಬಣ್ಣ. ಅವನು ಗಂಟಲು ಸರಿಮಾಡಿಕೊಂಡ. "ಇನ್ನ ಮ್ಯಾಲ ಒಂದೇ ಬಾಯಿ, ಹಳೇ ನೇಮ. ನಾಳೆ ಸೇಡಂ. ಸೇಡಂ ಹುಡುಗ ಗೆಲ್ಲಬೇಕು. ಬೀಳೋರು ಯಾರು?"

 ಊಟದ ನಡುವೆಯೇ ಎಲ್ಲರ ಎಡಗೈ ತಂತಮ್ಮ ಪಟ್ಟಿಯ ಮೇಲೆ ಹೋಯಿತು. ಸಾಬಣ್ಣ ಆಸೆಯಿಂದ ಉದಯಕುಮಾರನ ಕಡೆ ನೋಡಿದ.

"ನಾ ಒಲ್ಲೆ ಕಾಕಾ. ಹೆಣ್ಣಿನೋರು ಇವತ್ತ ಬಿದ್ದದ್ದ ನೋಡ್ಯಾರ. ನಾಳೆ ಅವರ ಊರಾಗೇ ಮತ್ತ ನೋಡ್ತಾರಂತ. ಇನ್ನೊಮ್ಮಿ ಬಿದ್ರ ಮದುವಿ ಬಿತ್ತು."

ಅಮೀರ್ ಅಲಿ ಚೀಲದಿಂದ ಕರಿ ಮುಖವಾಡ ತೆಗೆದು, ಮಡಚಿ, ಮಾಲಕನ ಮೊಣಕಾಲ ಕೆಳಗೆ ಯಾರಿಗೂ ಕಾಣದಂತೆ ಸರಿಸಿದ. "ಅಳತಿ ನಿಮ್ಮದೇ ಅದ್ರಿ, ಮಾಲಕ್ರ," ಎಂದು ಮೆಲ್ಲಗೆ ಅಂದ.

ಅಷ್ಟರಲ್ಲಿ ಭೀಮಮ್ಮ ತುಪ್ಪದ ಗಿಂಡಿ ಹಿಡಿದು ಬಂದಳು. ಮೊದಲು ಬಡಿಸಿದ್ದು ಉದಯಕುಮಾರನಿಗೆ. "ಎಷ್ಟ ಚಂದ ಬಿದ್ದೆಪ್ಪಾ! ಪುರಾಣದಾಗ ಕೇಳಿದ್ಹಂಗಿತ್ತು, ಕಣ್ಣಾಗ ನೀರೇ ಬಂತು. ನಮ್ಮ ಅಳಿಯಂದ್ರು ಗೆದ್ರು ಖರೆ, ಕಂಬದ್ಹಂಗ ನಿಂತಿದ್ರು, ಅಷ್ಟೇ. ಹಂಗ ಬೀಳಾಕ ಅವರ ಕೈಲೆ ಆಗ್ತದೇನು?"

ಆಮೇಲೆ ಅಳಿಯನ ಹತ್ತಿರ ಬಂದು, ಇನ್ನೊಂದು ಬಿಸಿ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ತಾನೇ ಅವನ ಬಾಯಿಗೆ ಇಟ್ಟಳು. "ನಾಳೆ ಸೇಡಂಗೂ ನಾ ಬರ್ತೀನಿ. ಓಣಿ ಮಂದೀನೂ ಕರಕೊಂಡ ಬರ್ತೀನಿ. ಇಷ್ಟು ದಿನ ಕೇಳಿದ್ದೇ ಆತು. ಆ ಚಿಂಚೋಳಿ ರಾಕ್ಷಸನ್ನ ನೀವು ಹ್ಯಾಂಗ ಕೆಡವ್ತೀರಿ, ಕಣ್ಣಾರೆ ನೋಡಬೇಕು. ಕೆಡವ್ತೀರಿ ಹೌದಲ್ರಿ?"

ಸಾಬಣ್ಣನ ಬಾಯಲ್ಲಿ ಹೋಳಿಗೆ ಇತ್ತು. ತಲೆಯಾಡಿಸಿದ.