ಇಲ್ಲದ ಕೂಸಿನ ಏಳನೇ ದಿನ

ಗುರುವಾರ ಬೆಳಿಗ್ಗೆ ಆರು ಗಂಟೆಗೆ, ನಿದ್ದೆಗಣ್ಣಿನಲ್ಲಿ, ಲಬೀಬ್ ಉಸ್ತಾದರು ತಮ್ಮ ಬಾಳಿನ ಅತ್ಯುತ್ತಮ ಶಿಫಾರಸನ್ನು ಬರೆದು ತಪ್ಪು ಗುಂಪಿಗೆ ಕಳಿಸಿಬಿಟ್ಟರು.

ಕಚೇರಿಯಲ್ಲಿ ಪೆನ್ನು ಹಿಡಿದು ಕೂರುವವರೆಲ್ಲ ಶುಬ್ರಾ ಬಡಾವಣೆಯಲ್ಲಿ ಉಸ್ತಾದರೇ. ಲಬೀಬರು ಜಮೀನು ದಾಖಲೆಗಳ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದರು. ವಯಸ್ಸು ನಲವತ್ತೆಂಟು, ಮದುವೆಯಿಲ್ಲ. ಇದ್ದ ಚಟ ಒಂದೇ. ಇನ್ಸ್‌ಪೆಕ್ಟರ್ ಶಾಹೀನ್ ಎಂಬ ಸಿಡುಕನ ಧಾರಾವಾಹಿ ಮುಗಿದು ಮೂರು ವರ್ಷವಾಗಿದ್ದರೂ, ಅವನನ್ನು ಬಿಡಲಾರದ ಅಭಿಮಾನಿಗಳು ಅವನ ಮುಂದಿನ ಬಾಳನ್ನು ತಾವೇ ಕತೆಯಾಗಿ ಬರೆದು ಫೋನಿನ ಒಂದು ಗುಂಪಿನಲ್ಲಿ ಹಂಚುತ್ತಿದ್ದರು. ಲಬೀಬರು ಬರೆಯುತ್ತಿರಲಿಲ್ಲ. ಓದುತ್ತಿದ್ದರು, ಓದಿ ಶಿಫಾರಸು ಮಾಡುತ್ತಿದ್ದರು. ಅದರಲ್ಲೂ ಶಾಹೀನನು ಕನಸುಮನಸಿನಲ್ಲೂ ಎಣಿಸದೆ ಅಪ್ಪನಾಗಿಬಿಡುವ ಕತೆಗಳೆಂದರೆ, ಗುಂಪಿನ ನಾಲ್ಕು ಸಾವಿರ ಜನ ಲಬೀಬರ ಮಾತಿಗೆ ಕಾಯುತ್ತಿದ್ದರು.

ಅಂಥ ಕತೆಯನ್ನು ಶಿಫಾರಸು ಮಾಡುವುದಕ್ಕೆ ಆ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಮಗು ಹುಟ್ಟಿದ ಏಳನೇ ದಿನದ ಹಬ್ಬಕ್ಕೆ ಕರೆಯುವ ಹಾಗೆ ಬರೆಯಬೇಕು, ಶಾಹೀನನ ಹೆಸರು ಹೇಳಬಾರದು. ಲಬೀಬರು ಹೀಗೆ ಬರೆದಿದ್ದರು: "ಇಷ್ಟು ವರ್ಷ ಒಂಟಿಯಾಗಿದ್ದ ನಮ್ಮವರು ಕೊನೆಗೂ ಅಪ್ಪನಾದರು! ಬಾಗಿಲು ತೆಗೆದರೆ ಬುಟ್ಟಿ, ಬುಟ್ಟಿಯಲ್ಲಿ ಹೆಣ್ಣು ಕೂಸು. ಬೈದುಕೊಂಡೇ ಎತ್ತಿಕೊಂಡರು, ಎತ್ತಿಕೊಂಡ ಮೇಲೆ ಕೆಳಗಿಡಲಿಲ್ಲ. ಇವತ್ತು ಏಳನೇ ದಿನ. ಎಲ್ಲರೂ ಬನ್ನಿ, ಕರವಸ್ತ್ರ ತನ್ನಿ."

ಅದನ್ನು ಕಳಿಸಿ, ಕತೆಯ ಕೊಂಡಿ ಹಾಕುವ ಮೊದಲೇ ನಿದ್ದೆ ಬಂತು. ಸಂದೇಶ ಹೋಗಿ ಬಿದ್ದದ್ದು 'ಹದಿನಾಲ್ಕನೇ ನಂಬರ್ ಕಟ್ಟಡ: ನೀರು ಮತ್ತು ಲಿಫ್ಟ್' ಎಂಬ ಗುಂಪಿಗೆ. ಆ ಕಟ್ಟಡದಲ್ಲಿ ಒಂಟಿ ಗಂಡಸೆಂದರೆ ಲಬೀಬರೊಬ್ಬರೇ.

ಏಳೂವರೆಗೆ ಎದ್ದು ನೋಡಿದರೆ ನಲವತ್ತೊಂದು ಅಭಿನಂದನೆಗಳು ಬಂದಿದ್ದವು. ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಐದನೇ ಮಹಡಿಯ ಮದಾಂ ನವಾಲ್ ಇವತ್ತು ಸಂಜೆಯೇ ಉತ್ತರ ಹೇಳುವವರಿದ್ದರು. ಔಷಧಿ ಅಂಗಡಿ ನಡೆಸುವ ಆ ವಿಧವೆಯ ಹತ್ತಿರ ಲಬೀಬರು ತಮ್ಮ ಅಕ್ಕನನ್ನು ಕಳಿಸಿ ಮದುವೆಯ ಮಾತೆತ್ತಿಸಿದ್ದು ಹೋದ ತಿಂಗಳು. ಹಾಗೆ ಎತ್ತಿಸುವುದಕ್ಕೆ ಅವರಿಗೆ ಆರು ವರ್ಷ ಹಿಡಿದಿತ್ತು.

ಬಾಗಿಲು ತೆಗೆದರೆ ಎದುರಿಗೆ ಮೂರನೇ ಮಹಡಿಯ ಹಾಜ್ಜಾ ಬದ್ರಿಯ್ಯಾ. ಮೆಕ್ಕಾಗೆ ಹೋಗಿಬಂದ ಮೇಲೆ ಇಡೀ ಕಟ್ಟಡದ ಹೆರಿಗೆ, ಮದುವೆ, ಸಾವುಗಳೆಲ್ಲ ಈಕೆಯ ಸುಪರ್ದಿಗೆ ಬಂದಿದ್ದವು.

"ಏಳು ದಿನ ಒಂದು ಸದ್ದಿಲ್ಲದ ಹಾಗೆ ಬಚ್ಚಿಟ್ಟಿದ್ದೀಯಲ್ಲಪ್ಪಾ! ಗಂಡಸಾಗಿ ನಿನಗಿಷ್ಟು ಬುದ್ಧಿ ಇದೆ ಅಂತ ಅಂದ್ಕೊಂಡಿರಲಿಲ್ಲ."

"ಹಾಜ್ಜಾ, ಮಗು ಇಲ್ಲ."

"ಹಾಗೇ ಹೇಳು." ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಯಾರು ಕೇಳಿದ್ರೂ ಹಾಗೇ ಹೇಳು. ಎರಡನೇ ಮಹಡಿಯವಳ ಕಣ್ಣು ಬಲು ಕೆಟ್ಟದ್ದು."

"ದೇವರಾಣೆಗೂ ಇಲ್ಲ."

"ಆಣೆ ಎಲ್ಲ ಬೇಡಪ್ಪ, ಅಷ್ಟು ಸಾಕು."

ಕೆಟ್ಟ ಕಣ್ಣಿಗೆ ಹೆದರಿ ಹಸುಗೂಸನ್ನು ಇಲ್ಲವೆನ್ನುವುದು ಅಲ್ಲಿ ಎಲ್ಲರೂ ಮಾಡುವುದೇ. ಹಾಗಾಗಿ ಲಬೀಬರು ಇಲ್ಲವೆಂದಷ್ಟೂ ಮಗು ಗಟ್ಟಿಯಾಗುತ್ತ ಹೋಯಿತು. ಅದೊಂದು ಕತೆ ಎಂದು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ನಲವತ್ತೆಂಟರ ಸರ್ಕಾರಿ ನೌಕರ ರಾತ್ರಿಯಿಡೀ ಕೂತು ಟೀವಿ ಇನ್ಸ್‌ಪೆಕ್ಟರನ ಬಾಣಂತನದ ಕತೆ ಓದಿ ಅತ್ತ ಎಂದು ಈ ಹೆಂಗಸಿನ ಮುಂದೆ ಹೇಳುವುದು ಹೇಗೆ? ಉಸ್ತಾದರು ಮೆಟ್ಟಿಲಿಳಿದರು.

ಕೆಳಗೆ ಕಾವಲುಗಾರ ಗಾಬಿರ್, ಕಾಲು ಕಟ್ಟಿದ ಕೋಳಿ ಹಿಡಿದು ನಿಂತಿದ್ದ.

"ಇದು ಬಾಣಂತಿಗೆ, ಉಸ್ತಾದರೇ. ಬಾಣಂತಿ ಯಾರು ಅಂತ ನಾನು ಕೇಳಲ್ಲ. ಜನ ಕೇಳ್ತಾರೆ, ನಾನು ಕೇಳಲ್ಲ. ನಾನು ಕೇಳೋದಿಲ್ಲ ಅನ್ನೋದು ನಿಮಗೆ ಗೊತ್ತಿರಲಿ ಅಂತ ಹೇಳಿದೆ."

"ಬಾಣಂತಿ ಇಲ್ಲ, ಗಾಬಿರ್."

"ಅಯ್ಯೋ ಪಾಪ," ಎಂದು ಗಾಬಿರ್ ಕಣ್ಣೊರೆಸಿಕೊಂಡ. ಲಬೀಬರಿಗೆ ತಿದ್ದುವ ತ್ರಾಣವಿರಲಿಲ್ಲ.

ಸುದ್ದಿ ಅವರಿಗಿಂತ ಮೊದಲೇ ಬಸ್ಸು ಹಿಡಿದು ಕಚೇರಿ ಸೇರಿತ್ತು. ಹಾಜ್ಜಾ ಅವರ ತಮ್ಮನ ಮಗ ಅಲ್ಲೇ ಟೈಪಿಸ್ಟ್. ಮೇಲಧಿಕಾರಿ ಮಮ್ದೂಹ್ ಬೇ ಒಳಗೆ ಕರೆಸಿ, ಕನ್ನಡಕದ ಮೇಲಿಂದ ನೋಡಿದರು.

"ಇಪ್ಪತ್ತೆರಡು ವರ್ಷದಲ್ಲಿ ಒಂದು ಅರ್ಜೀನೂ ನೀವು ವೇಳೆಗೆ ಸರಿಯಾಗಿ ಮುಗಿಸಿದ್ದು ನಾನು ನೋಡಿಲ್ಲ. ಇದನ್ನ ಯಾವಾಗ ಮುಗಿಸಿದ್ರಿ, ಉಸ್ತಾದ್ ಲಬೀಬ್?"

"ಬೇ ಅವರೇ, ಅದು..."

"ಇರಲಿ, ಇರಲಿ. ಹೆಸರೇನಿಟ್ಟಿರಿ?"

ರಾತ್ರಿಯಿಡೀ ನಿದ್ದೆಯಿಲ್ಲ, ಬೆಳಿಗ್ಗೆಯಿಂದ ಹೊಟ್ಟೆಗೊಂದು ಹಿಡಿ ಬೇಯಿಸಿದ ಅವರೆಯೂ ಬಿದ್ದಿಲ್ಲ. "ಇನ್ನೂ ಇಟ್ಟಿಲ್ಲ," ಎಂದುಬಿಟ್ಟರು ಲಬೀಬರು. ಅಂದ ಮೇಲೆ ತಾವೇನು ಅಂದೆವೆಂದು ಅವರಿಗೆ ತಿಳಿಯಿತು.

"ಹಾಗಿದ್ರೆ ನಮ್ಮ ತಾಯಿಯ ಹೆಸರಿಗೂ ಒಂದು ಮೋಂಬತ್ತಿ ಹಚ್ಚಿ. ತಫೀದಾ. ಎಲ್ಲಾ ಬತ್ತಿಗಿಂತ ಅದು ಹೆಚ್ಚು ಹೊತ್ತು ಉರಿದ್ರೆ ಆ ಹೆಸರೇ ಇಡಬೇಕು. ಪದ್ಧತಿ ಗೊತ್ತಲ್ಲ? ಬತ್ತಿ ದಪ್ಪಗಿರಲಿ."

ಮಧ್ಯಾಹ್ನ ಮೂರು ಗಂಟೆಗೆ ಲಬೀಬರು ಮನೆಗೆ ಬಂದಾಗ ಬಾಗಿಲು ಹಾರುಹೊಡೆದಿತ್ತು. ಗಾಬಿರ್ ತನ್ನ ಹತ್ತಿರವಿದ್ದ ಬದಲಿ ಕೀಲಿಯನ್ನು ಹಾಜ್ಜಾಗೆ ಒಪ್ಪಿಸಿದ್ದ. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಮೇಜಿನ ಮೇಲೆ ಕೂಸನ್ನು ಇಟ್ಟು ತೂಗಲು ಗುಲಾಬಿ ರಿಬ್ಬನ್ ಸುತ್ತಿದ ಜರಡಿ, ಪಕ್ಕದಲ್ಲಿ ಹೆಣ್ಣು ಕೂಸೆಂದು ಮದುಮಗಳ ಹಾಗೆ ಸಿಂಗರಿಸಿದ ಮಣ್ಣಿನ ಹೂಜಿ, ನೆಲದ ತುಂಬ ದೃಷ್ಟಿ ತೆಗೆದು ಚೆಲ್ಲಿದ ಉಪ್ಪು. ಅಡುಗೆಮನೆಯಲ್ಲಿ ಬಾಣಂತಿಯನ್ನು ನೋಡಲು ಬಂದವರಿಗೆಲ್ಲ ಕೊಡುವ ಮುಘಾತ್ ಎಂಬ ಕಷಾಯದ ಪುಡಿ ತುಪ್ಪದಲ್ಲಿ ಹುರಿಯುತ್ತಿತ್ತು. ಹಾಜ್ಜಾ ಬದ್ರಿಯ್ಯಾ ಲಬೀಬರ ಮಲಗುವ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿ ಕೂತಿದ್ದರು.

"ಒಳಗೆ ಯಾರೂ ಹೋಗಬೇಡಿ. ಈಗಷ್ಟೇ ಮಲಗಿದೆ."

"ಹೌದು ಹೌದು, ಆಗ ಅಳ್ತಿತ್ತು, ನಾನೇ ಕೇಳಿದೆ," ಎಂದಳು ಎರಡನೇ ಮಹಡಿಯವಳು.

ಲಬೀಬರಿಗೆ ಒಂದು ಕ್ಷಣ ತಾವೇ ಒಳಗೆ ಇಣುಕಿ ನೋಡೋಣವೆನಿಸಿತು. ಒಳಗಿದ್ದದ್ದು ಮಂಚ. ಅದರ ಮೇಲೆ ಒಂದೇ ಒಂದು ಗಳಿಗೆ ಬೀಳುವ ಆಸೆಯಿಂದ ಮುಂದೆ ಬಂದರೆ, ಹಾಜ್ಜಾ ಅವರನ್ನೂ ತಡೆದರು. "ಹೊರಗಿಂದ ಬಂದಿದ್ದೀಯ, ಕೈ ತೊಳ್ಕೊ."

ಅಷ್ಟರಲ್ಲಿ ಯಾರೋ ಹಿತ್ತಾಳೆಯ ಒರಳು ಕುಟ್ಟತೊಡಗಿದರು. ಕೂಸಿನ ಕಿವಿಯ ಹತ್ತಿರ ಕುಟ್ಟಿ ಬುದ್ಧಿ ಹೇಳುವ ಶಾಸ್ತ್ರವನ್ನು ಈ ಸಲ ಬಾಗಿಲಾಚೆಯಿಂದಲೇ ಮುಗಿಸುತ್ತಿದ್ದರು. "ಅಜ್ಜಿಯರ ಮಾತು ಕೇಳೇ, ಅಪ್ಪನ ಮಾತು ಕೇಳಬೇಡ ಕಣೇ!" ಠಣ್, ಠಣ್. ಆ ಸದ್ದಿನ ನಡುವೆ, ಕೈಯಲ್ಲೊಂದು ಪೊಟ್ಟಣ ಹಿಡಿದು ಮದಾಂ ನವಾಲ್ ಒಳಗೆ ಬಂದರು.

ಲಬೀಬರು ಆಕೆಯನ್ನು ಅಡುಗೆಮನೆಗೆ ಕರೆದೊಯ್ದು, ಬಾಗಿಲು ಅರ್ಧ ಮುಂದೆ ಮಾಡಿ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟರು. ನಾಚಿಕೆ ಪಡುವುದಕ್ಕೂ ಈಗ ಶಕ್ತಿಯಿರಲಿಲ್ಲ. ಶಾಹೀನನ ವಿಷಯ ಹೇಳಿದರು, ಗುಂಪಿನ ಪದ್ಧತಿ ಹೇಳಿದರು, ಫೋನು ತೆಗೆದು ಕತೆಯನ್ನೇ ತೋರಿಸಿದರು.

"ಮಗು ಇಲ್ಲ, ಮದಾಂ ನವಾಲ್. ನನಗೆ ಹಿಂದೂ ಇಲ್ಲ, ಮುಂದೂ ಇಲ್ಲ. ನಿಮ್ಮ ಹತ್ರ ಮುಚ್ಚಿಟ್ಟದ್ದು ಒಂದೂ ಇಲ್ಲ. ನೀವು ಬೇರೆ ಏನೂ ತಿಳ್ಕೋಬಾರದು ಅಂತ ಹೇಳ್ತಿದ್ದೀನಿ."

ನವಾಲ್ ಪೊಟ್ಟಣವನ್ನು ಬಿಚ್ಚಿದರು. ಒಳಗೆ ಹಳದಿ ನೂಲಿನ ಪುಟ್ಟ ಟೋಪಿ, ಬೆರಳುದ್ದದ ಎರಡು ಕಾಲುಚೀಲ.

"ಬೇಡ ಅಂತ ಹೇಳಬೇಕು ಅಂತಲೇ ನಿನ್ನೆ ತೀರ್ಮಾನ ಮಾಡಿದ್ದೆ," ಎಂದರು. "ಬೇಜಾರು ಮಾಡ್ಕೋಬೇಡಿ. ಇಬ್ಬರು ಒಂಟಿಯವರು ಎದುರುಬದುರು ಕೂತು ಟೀ ಕುಡಿಯೋದಕ್ಕೆ ಮದುವೆ ಯಾಕೆ ಅನ್ನಿಸ್ತು. ಬೆಳಿಗ್ಗೆ ನಿಮ್ಮ ಸಂದೇಶ ಓದಿದೆ. ಬೈದುಕೊಂಡೇ ಎತ್ತಿಕೊಂಡರು, ಎತ್ತಿಕೊಂಡ ಮೇಲೆ ಕೆಳಗಿಡಲಿಲ್ಲ. ಅಂಗಡೀಲಿ ಕೂತು ಅತ್ತುಬಿಟ್ಟೆ. ನನಗೂ ಮಕ್ಕಳಾಗಲಿಲ್ಲ ನೋಡಿ. ಇವರನ್ನ ಇಷ್ಟು ದಿನ ಸರಿಯಾಗಿ ನೋಡಲೇ ಇಲ್ವಲ್ಲ ಅಂತ... ಒಪ್ಪಿಗೆ ಅಂತ ಹೇಳೋಕೆ ಬಂದಿದ್ದೆ."

ಲಬೀಬರು ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬೆಳಿಗ್ಗೆಯಿಂದ ಯಾರೂ ನಂಬದಿದ್ದ ಮಾತನ್ನು ನಂಬಬಾರದಿದ್ದ ಒಬ್ಬರೇ ನಂಬಿಬಿಟ್ಟಿದ್ದರು.

"ಈಗ?" ಎಂದರು ಕುಗ್ಗಿದ ದನಿಯಲ್ಲಿ.

"ಈಗ ಏನು ಹೇಳಲಿ, ಉಸ್ತಾದರೇ." ನವಾಲ್ ಸ್ಟೂಲಿನ ಮೇಲೆ ಕೂತರು. "ಆ ಕತೆ ಒಂದು ಸಲ ಕೊಡಿ ಇಲ್ಲಿ."

ಕೊಟ್ಟರು. ಆಕೆ ಓದತೊಡಗಿದರು. ನಡುಮನೆಯಲ್ಲಿ ಮೋಂಬತ್ತಿಗಳ ವಿಷಯಕ್ಕೆ ಜಗಳ ಹತ್ತಿತ್ತು. ತಫೀದಾ ಎಂಬ ಬತ್ತಿಯನ್ನು ಯಾರೋ ಬೇಕೆಂದೇ ಊದಿದರೆಂದು ಟೈಪಿಸ್ಟ್ ಕೂಗಾಡುತ್ತಿದ್ದ. ಒಲೆಯ ಮೇಲೆ ಮುಘಾತ್ ತಳ ಹತ್ತಿತು, ಲಬೀಬರು ಇಳಿಸಿದರು. ನವಾಲ್ ತಲೆಯೆತ್ತಲಿಲ್ಲ. ಒಂದು ಕಡೆ ನಕ್ಕರು. ಇನ್ನೊಂದು ಕಡೆ ಹಳದಿ ಟೋಪಿಯಿಂದಲೇ ಕಣ್ಣೊರೆಸಿಕೊಂಡರು. ಮುಖದಲ್ಲಿ ಲಬೀಬರು ಆರು ವರ್ಷ ಕಾದಿದ್ದ ಮೃದುತನ ಕಾಣತೊಡಗಿತು. ಅವರ ಎದೆಯಲ್ಲಿ ಸಣ್ಣದೊಂದು ಆಸೆ ಮತ್ತೆ ಅಲುಗಾಡಿತು.

"ಎಂಥಾ ಗಂಡಸಪ್ಪಾ ಇವನು!" ಎಂದರು ನವಾಲ್, ಫೋನಿನ ಕಡೆಯೇ ನೋಡುತ್ತ. "ಹಾಲು ಬಿಸಿ ಇದೆಯಾ ಅಂತ ತನ್ನ ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡ್ತಾನಲ್ಲ... ಇವನಿಗೆ ಮುಂದೆ ಮದುವೆ ಆಗುತ್ತಾ?"

"ಆಗುತ್ತೆ. ಮೂವತ್ತೆಂಟನೇ ಅಧ್ಯಾಯದಲ್ಲಿ."

ನವಾಲರ ಮುಖ ಬಾಡಿತು. "ಛೆ. ಯಾರೋ ಒಬ್ಬಳು ಹೊಡ್ಕೊಂಡು ಹೋದ್ಲು ಅನ್ನಿ." ಆರು ವರ್ಷದಲ್ಲಿ ಮೊದಲ ಸಲ ಲಬೀಬರ ಕಣ್ಣನ್ನು ನೇರವಾಗಿ ನೋಡಿ ಕೇಳಿದರು:

"ಉಸ್ತಾದರೇ, ಇವನು ಯಾರನ್ನೂ ಮದುವೆ ಆಗದೇ ಇರೋ ಕತೆ ಯಾವುದಾದ್ರೂ ಇದ್ರೆ ಹೇಳ್ತೀರಾ?"

ಅಂಥವು ಲಬೀಬರಿಗೆ ಹನ್ನೊಂದು ಗೊತ್ತಿದ್ದವು. ಅವರು ಒಂದೊಂದಾಗಿ ಹೇಳುತ್ತ ಹೋದರು. ನವಾಲ್ ಪೊಟ್ಟಣದ ಕಾಗದವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಬರೆದುಕೊಳ್ಳುತ್ತ ಹೋದರು.